ಸೆಕೆಂಡ್ ಹ್ಯಾಂಡ್ ಮಾತ್ರ ಕೊಳ್ಳುವವರು ಎಲ್ಲಿ ಗೆರೆ ಎಳೆಯಬೇಕು?

ಇನ್ನು ಮುಂದೆ ಹೊಸದೇನೂ ಬೇಡ, ಎಲ್ಲ ಸೆಕೆಂಡ್ ಹ್ಯಾಂಡೇ ಸಾಕು ಎಂದುಕೊಂಡಿದ್ದೀರಾ? ಒಳ್ಳೆಯ ನಿರ್ಧಾರ. ಆದರೆ ಎಲ್ಲಿ ನಿಲ್ಲಿಸಬೇಕು ಅನ್ನೋದು ಮೊದಲೇ ಗೊತ್ತಿದ್ದರೆ ಈ ನಿರ್ಧಾರ ಜಾಸ್ತಿ ದಿನ ಉಳಿಯುತ್ತದೆ.

ಮೊದಲು ಬೇಕಾದ ವಸ್ತುಗಳ ಪಟ್ಟಿ ಮಾಡಿ. ಒಂದೊಂದರ ಮುಂದೆಯೂ ಈ ಪ್ರಶ್ನೆ ಕೇಳಿಕೊಳ್ಳಿ: ಇದು ಹಾಳಾಗಿದ್ದರೆ ನನ್ನ ಕಣ್ಣಿಗೆ ಕಾಣುತ್ತಾ? ಮರದ ಮೇಜನ್ನು ಒಮ್ಮೆ ಅಲುಗಾಡಿಸಿದರೆ ಸಾಕು, ಕಾಲು ಸಡಿಲವಾಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ. ಪುಸ್ತಕ, ಸ್ಟೀಲ್ ಪಾತ್ರೆ, ಸ್ವೆಟರ್ ಕೂಡ ಹಾಗೇ. ಧೈರ್ಯವಾಗಿ ಹಳೆಯದನ್ನೇ ತನ್ನಿ.

ಹೆಲ್ಮೆಟ್ ಹಾಗಲ್ಲ. ಅದರ ಚಿಪ್ಪಿನೊಳಗೆ ಥರ್ಮಾಕೋಲ್‌ನಂಥ ಗಟ್ಟಿ ಪದರ ಇರುತ್ತದೆ. ಬಿದ್ದಾಗ ಆ ಪದರ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಒಮ್ಮೆ ಜಜ್ಜಿದ್ದು ಮತ್ತೆ ಮೊದಲಿನಂತೆ ಆಗುವುದಿಲ್ಲ. ಹೊರಗಿನ ಬಣ್ಣ ಮಾತ್ರ ಫಳಫಳ ಹೊಳೆಯುತ್ತಲೇ ಇರಬಹುದು! ಹಿಂದೆ ಹಾಕಿಕೊಂಡವರು ಬಿದ್ದಿದ್ದರೋ ಇಲ್ಲವೋ, ನೋಡಿ ಹೇಳಲು ಆಗುವುದಿಲ್ಲ. ಕಾರಿನಲ್ಲಿ ಮಗುವನ್ನು ಕೂರಿಸುವ ಸೀಟಿನ ಕಥೆಯೂ ಇದೇ. ಸ್ವಂತ ಅಕ್ಕನೋ ತಮ್ಮನೋ ಬಳಸಿದ್ದು, ಅಪಘಾತ ಆಗಿಲ್ಲ, ಅದರ ಅವಧಿಯೂ ಮುಗಿದಿಲ್ಲ ಎಂದು ಗೊತ್ತಿದ್ದರೆ ಮಾತ್ರ ತೆಗೆದುಕೊಳ್ಳಿ. ಇಲ್ಲದಿದ್ದರೆ ಇವೆರಡೂ ಹೊಸದೇ ಇರಲಿ. ಇದರಲ್ಲಿ ರಾಜಿ ಖಂಡಿತ ಬೇಡ.

ಆಮೇಲೆ ವಸ್ತುವಿನ ವಯಸ್ಸು ನೋಡಿ. ಟೈರ್‌ನ ಪಕ್ಕದಲ್ಲಿ ತಯಾರಿಕೆಯ ದಿನ ಹೇಳುವ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಓಡಿಸದೆ ಸುಮ್ನೆ ಇಟ್ಟರೂ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಹಾಗಾಗಿ ನೆಲಕ್ಕೆ ತಾಗುವ ಭಾಗದ ಗೀರುಗಳು ಇನ್ನೂ ಆಳವಾಗಿವೆ ಎಂದ ಮಾತ್ರಕ್ಕೆ ನಂಬಬೇಡಿ. ಮೊಬೈಲ್ ಆದರೆ *#06# ಒತ್ತಿ. ಬರುವ 15 ಅಂಕಿಯ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ಬಿಲ್ಲಿನಲ್ಲಿರುವುದಕ್ಕೆ ಹೊಂದಬೇಕು. ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದ ಫೋನ್ ಎಷ್ಟೇ ಚೆನ್ನಾಗಿ ಕಂಡರೂ ಬ್ಯಾಂಕ್ ವ್ಯವಹಾರಕ್ಕೆ ಬೇಡ.

ಹಾಸಿಗೆ, ಸೋಫಾ ತರುವ ಮುಂಚೆ ಟಾರ್ಚ್ ಹಿಡಿದು ಹೊಲಿಗೆಯ ಸಂದುಗಳನ್ನು ಬಿಡಿಸಿ ನೋಡಿ. ಸಣ್ಣ ಕಪ್ಪು ಚುಕ್ಕೆಗಳು ಕಂಡರೆ ಅದು ತಿಗಣೆಯ ಗುರುತು. ತಿಗಣೆ ರಕ್ತ ಸಿಗದೆಯೂ ತಿಂಗಳುಗಟ್ಟಲೆ ಬದುಕುತ್ತದೆ. ಬಹಳ ದಿನದಿಂದ ಯಾರೂ ಬಳಸಿಲ್ಲ ಎಂಬ ಮಾತಿಗೆ ಅರ್ಥವಿಲ್ಲ, ಅಲ್ವಾ?

ಕೆಲವಕ್ಕೆ ನಡುವಿನ ದಾರಿ ಇದೆ. ಪ್ರೆಶರ್ ಕುಕ್ಕರ್ ಹಳೆಯದಿರಲಿ, ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಹೊಸದು ಹಾಕಿಸಿ. ತಳ ಉಬ್ಬಿದ್ದರೆ ಮಾತ್ರ ಬಿಟ್ಟುಬಿಡಿ. ಲ್ಯಾಪ್‌ಟಾಪ್ ಹಳೆಯದು, ಬ್ಯಾಟರಿ ಹೊಸದು. ಇದು ನನಗೆ ತುಂಬ ಹಿಡಿಸಿದ ದಾರಿ.

ಕೊನೆಗೆ, ಹುಡುಕಾಟಕ್ಕೊಂದು ಗಡುವು ಇಟ್ಟುಕೊಳ್ಳಿ. ಕಪಾಟಿಗಾಗಿ ಎರಡು ತಿಂಗಳು ಕಾಯಬಹುದು. ನಲ್ಲಿ ಸೋರುತ್ತಿರುವಾಗ ಹಳೆಯ ವಾಷರ್ ಹುಡುಕುತ್ತಾ ಕೂರಬೇಡಿ. ಇವತ್ತೇ ಹೊಸದು ತಂದು ಹಾಕಿ.