ಗ್ಯಾರಂಡ್‌ಗೆ ಸೀಸದ ಗುಂಡು ಒಗ್ಗಿಸಿದ್ದು

ಬೋಲ್ಟ್ ಆ್ಯಕ್ಷನ್ ರೈಫಲ್‌ಗೆ ಸೀಸದ ಗುಂಡು ಎರಕ ಹೊಯ್ದು ಹೊಡೆಯೋದು ನನಗೆ ಅಭ್ಯಾಸ ಇತ್ತು. ಅಲ್ಲಿ ಕೆಲಸ ಸುಲಭ. ಬೇಗ ಉರಿಯುವ ಮದ್ದು ಒಂಚೂರು ಹಾಕಿ ಗುಂಡನ್ನು ನಿಧಾನಕ್ಕೆ ಕಳಿಸಿದರೆ ಆಯ್ತು, ಬೋಲ್ಟ್ ಎಳೆಯೋದು ಹೇಗೂ ನನ್ನ ಕೈ ತಾನೇ. ಅದೇ ಧೈರ್ಯದಲ್ಲಿ ಎಂ1 ಗ್ಯಾರಂಡ್‌ಗೆ ಕೈ ಹಾಕಿದೆ, ಇದು ಬೋಲ್ಟನ್ನು ತಾನೇ ಎಳೆದುಕೊಳ್ಳೋ ಹಳೇ ಸೇನಾ ರೈಫಲ್. ಮೊದಲ ದಿನ ಕ್ಲಿಪ್‌ಗೆ ಎಂಟು ತೋಟಾ ತುಂಬಿ ಕೂತೆ. ಮೊದಲನೆಯದು ಹಾರಿತು. ಬೋಲ್ಟ್ ಅರ್ಧ ದಾರಿ ಹಿಂದೆ ಬಂದು, ಖಾಲಿ ಕೇಸನ್ನು, ಅಂದರೆ ತೋಟಾದ ಹಿತ್ತಾಳೆ ಕವಚವನ್ನು, ಕಚ್ಚಿಕೊಂಡು ನಿಂತುಬಿಟ್ಟಿತು. ಎರಡನೆಯದೂ ಹಾಗೇ. ಎಂಟೂ ಹಾಗೇ. ಗುರಿ ಹಲಗೆಯ ಹತ್ತಿರ ಹೋಗಿ ನೋಡಿದರೆ ಇನ್ನೂ ಬೇಜಾರು: 50 ಗಜಕ್ಕೇ ತೂತುಗಳು ಒಂದು ದೊಡ್ಡ ತಟ್ಟೆಯಷ್ಟು ಜಾಗದಲ್ಲಿ ಚೆಲ್ಲಾಪಿಲ್ಲಿ, ಅದರಲ್ಲಿ ಎರಡು ದುಂಡಗೂ ಇಲ್ಲ, ಬೀಗದ ಕೈ ತೂತಿನ ಹಾಗೆ ಉದ್ದುದ್ದ. ಅಂದರೆ ಗುಂಡು ಪಲ್ಟಿ ಹೊಡೆಯುತ್ತಾ ಅಡ್ಡಡ್ಡ ಬಂದು ಬಿದ್ದಿದೆ.

ತಪ್ಪು ರೈಫಲ್‌ದಲ್ಲ, ನಂದೇ. ಇದು ಕೆಲಸ ಮಾಡೋ ರೀತಿಯನ್ನೇ ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. ಜಾನ್ ಗ್ಯಾರಂಡ್ ಇದನ್ನು ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ರೂಪಿಸಿದರು, ಅಮೆರಿಕದ ಸೇನೆ 1936ರಲ್ಲಿ ಒಪ್ಪಿಕೊಂಡಿತು. 24 ಇಂಚಿನ ನಳಿಗೆ. ಅದರ ಬಾಯಿಯ ಹತ್ತಿರ ಕೆಳಗಡೆ ಒಂದು ಸಣ್ಣ ತೂತು, ಅದೇ ಗ್ಯಾಸ್ ಪೋರ್ಟ್. ಗುಂಡು ಅದನ್ನು ದಾಟುತ್ತಿದ್ದ ಹಾಗೆ ಹಿಂದಿನ ಗ್ಯಾಸ್ ಸ್ವಲ್ಪ ಅಲ್ಲಿ ನುಗ್ಗಿ ಆಪರೇಟಿಂಗ್ ರಾಡನ್ನು ಹಿಂದಕ್ಕೆ ತಳ್ಳುತ್ತದೆ, ರಾಡ್ ಬೋಲ್ಟನ್ನು ತಿರುಗಿಸಿ ಬಿಚ್ಚುತ್ತದೆ, ಖಾಲಿ ಕೇಸ್ ಆಚೆ, ಹೊಸ ತೋಟಾ ಒಳಗೆ. ಇದೆಲ್ಲ ಸೇನೆಯ ತೋಟಾದ ಒತ್ತಡಕ್ಕೆ ಹೊಂದಿಸಿದ ಲೆಕ್ಕ. ಯುದ್ಧಕಾಲದ ಎಂ2 ಬಾಲ್ ತೋಟಾದಲ್ಲಿ ಲೋಹದ ಕವಚ ಇರುವ ಸುಮಾರು 150 ಗ್ರೇನ್ (ಗುಂಡು, ಮದ್ದು ತೂಗುವ ಸಣ್ಣ ಅಳತೆ) ತೂಕದ ಗುಂಡು ಸೆಕೆಂಡಿಗೆ 2,800 ಅಡಿ ಆಸುಪಾಸಿನಲ್ಲಿ ಹೋಗುತ್ತಿತ್ತು.

ಬರಿ ಸೀಸ ಆ ವೇಗ ತಡೆಯೋದಿಲ್ಲ. ಹಾಗಂತ ವೇಗ ಇಳಿಸಿದರೆ ಪೋರ್ಟಿನ ಹತ್ತಿರ ಗ್ಯಾಸಿಗೆ ಜೋರಿಲ್ಲ. ಬೇಗ ಉರಿಯುವ ಮದ್ದು ಚೇಂಬರಿನಲ್ಲೇ, ಅಂದರೆ ತೋಟಾ ಕೂರೋ ಜಾಗದಲ್ಲೇ, ಉರಿದು ಮುಗಿದು, ಗುಂಡು ಪೋರ್ಟಿಗೆ ಬರುವಷ್ಟರಲ್ಲಿ ಒತ್ತಡ ಸತ್ತುಹೋಗಿರುತ್ತದೆ. ನನ್ನ ಮೊದಲ ದಿನ ಆಗಿದ್ದು ಇದೇ. ತೀರಾ ನಿಧಾನದ ಮದ್ದಾದರೆ ಉಲ್ಟಾ, ಪೋರ್ಟಿನಲ್ಲಿ ಒತ್ತಡ ಜಾಸ್ತಿಯಾಗಿ ಆ ಉದ್ದನೆಯ ರಾಡ್ ಬಗ್ಗಿಹೋಗಬಹುದು. ಅದು ಮೊದಲೇ ವಂಕಿವಂಕಿ ಇರೋ ಭಾಗ, ಇನ್ನೊಂದು ವಂಕಿ ಬಿದ್ದರೆ ಮುಗೀತು. ಉಳಿಯೋದು ಮಧ್ಯದವು. ಗ್ಯಾರಂಡ್ ಹೊಡೆಯೋರು ಐಎಂಆರ್ 4895, 4064 ಅನ್ನೋ ಮದ್ದುಗಳ ಜಪ ಮಾಡೋದು ಸುಮ್ನೆ ಅಲ್ಲ. ನಾನೂ 4895ಕ್ಕೆ ಬಂದೆ.

ಎಷ್ಟು ಗ್ರೇನ್ ಮದ್ದು ಹಾಕಿದೆ ಅಂತ ಇಲ್ಲಿ ಬರೆಯೋದಿಲ್ಲ, ಬೇಕಂತಲೇ. ನನ್ನ ನಳಿಗೆ ಬೇರೆ, ನಿಮ್ಮದು ಬೇರೆ. ಅಚ್ಚಾದ ಲೋಡಿಂಗ್ ಕೈಪಿಡಿಯಲ್ಲಿ ಎರಕದ ಗುಂಡಿಗೇ ಅಂತ ಪಟ್ಟಿ ಇರುತ್ತೆ, ನಿಮ್ಮ ಗುಂಡಿನ ತೂಕಕ್ಕೆ ಹೊಂದುವ ಪಟ್ಟಿ ಹಿಡಿದು ಕೆಳಗಿನಿಂದ ಶುರು ಮಾಡಿ. ಸ್ವಂತಕ್ಕೆ ತೋಟಾ ತುಂಬಿಕೊಳ್ಳೋದಕ್ಕೆ ಎಲ್ಲ ಕಡೆ ಅನುಮತಿಯೂ ಇಲ್ಲ, ಅದನ್ನೂ ಮೊದಲೇ ನೋಡಿಕೊಳ್ಳಿ.

ಮದ್ದು ಸರಿಯಾದ ಮೇಲೆ ಬೋಲ್ಟ್ ಓಡತೊಡಗಿತು. ಗುರಿ ಮಾತ್ರ ಅದೇ ಗೋಳು. ಹತ್ತಿಪ್ಪತ್ತು ಹೊಡೆತಕ್ಕೆಲ್ಲ ನಳಿಗೆ ಒಳಗೆ ಸೀಸ ಹತ್ತಿಕೊಳ್ಳುತ್ತಿತ್ತು, ಬೆಳಕಿಗೆ ಹಿಡಿದರೆ, ಗುಂಡನ್ನು ತಿರುಗಿಸೋಕೆ ನಳಿಗೆ ಒಳಗೆ ಕೊರೆದ ಗೀರುಗಳ ಅಂಚಿನಲ್ಲಿ ಬೂದುಬಣ್ಣದ ಪರೆ.

ಇಲ್ಲಿ ನಾನು ದಾರಿ ತಪ್ಪಿದೆ. ಸೀಸ ಮೆತ್ತಗಾಯ್ತು, ಇನ್ನೂ ಗಟ್ಟಿ ಮಾಡಬೇಕು ಅಂತ ತಲೆಗೆ ಹೊಕ್ಕಿತು. ನಾನು ಬಳಸುತ್ತಿದ್ದದ್ದು ಹಳೇ ಚಕ್ರದ ತೂಕದ ಕಟ್ಟಿಗಳು, ಅಂದರೆ ಗಾಡಿಯ ಚಕ್ರ ಸಮತೂಕಕ್ಕೆ ಬರಲಿ ಅಂತ ಅಂಚಿಗೆ ಸಿಕ್ಕಿಸೋ ಲೋಹದ ತುಂಡುಗಳು: ಸ್ವಲ್ಪ ಆಂಟಿಮನಿ, ತೀರಾ ಚೂರು ತವರ, ಉಳಿದದ್ದು ಸೀಸ. ಬ್ರಿನೆಲ್ ಅಳತೆಯಲ್ಲಿ ಗಟ್ಟಿತನ 12ರ ಹತ್ತಿರ. ಮೊದಲು ಅಚ್ಚಿನಿಂದ ಬಿದ್ದ ಬಿಸಿ ಗುಂಡನ್ನು ನೇರ ಬಕೆಟ್ ನೀರಿಗೆ ಬೀಳಿಸಿದೆ, ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ. ಆಮೇಲೆ ಅದೂ ಸಾಲದು ಅಂತ ಹಳೇ ಮುದ್ರಣದ ಲೈನೋಟೈಪ್ ಲೋಹ ಹುಡುಕಿ ತಂದೆ: ನೂರಕ್ಕೆ 84 ಸೀಸ, 12 ಆಂಟಿಮನಿ, 4 ತವರ. ಗಟ್ಟಿತನ 22. ಅಕ್ಷರ ಎರಕ ಹೊಯ್ಯಲು ಮಾಡಿದ ಲೋಹ, ಅಚ್ಚಿನ ಮೂಲೆ ಮೂಲೆ ತುಂಬುತ್ತದೆ, ಗುಂಡುಗಳು ಕನ್ನಡಿಯ ಹಾಗೆ ಬಿದ್ದವು.

ಗುರಿ ಸ್ವಲ್ಪ ಸುಧಾರಿಸಿತು. ಅದೇ ಮೋಸ ಆಗಿದ್ದು. ಸುಧಾರಿಸದೇ ಇದ್ದಿದ್ದರೆ ಬೇರೆ ಕಡೆ ಹುಡುಕುತ್ತಿದ್ದೆ. ಸುಧಾರಿಸಿತು ಅಂತ ಇನ್ನೂ ಎರಡು ತಿಂಗಳು ಲೋಹದ ಹಿಂದೆಯೇ ಸುತ್ತಿದೆ.

ಎರಕದ ಬಗ್ಗೆ ಒಂದೆರಡು ಮಾತು. ಚಕ್ರದ ಕಟ್ಟಿಗಳಲ್ಲಿ ಈಗ ಸತುವಿನವೂ ಸೇರಿರುತ್ತವೆ. ಸೀಸ ಕರಗೋದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 419ಕ್ಕೆ. ಹಾಗಾಗಿ ಕರಗಿಸುವಾಗ ಶಾಖ ಕಡಿಮೆ ಇಟ್ಟರೆ ಸತುವಿನ ಕಟ್ಟಿ ಕರಗದೆ ಮೇಲೆ ತೇಲುತ್ತದೆ, ಸೌಟಿನಲ್ಲಿ ಎತ್ತಿ ಬಿಸಾಕಬಹುದು. ಅವಸರದಲ್ಲಿ ಉರಿ ಜೋರು ಮಾಡಿದೆ ಅಂದರೆ ಇಡೀ ಪಾತ್ರೆ ಗಂಜಿಯ ಹಾಗೆ ಗಟ್ಟಿಗಟ್ಟಿ ಆಗಿ ಅಚ್ಚೇ ತುಂಬೋದಿಲ್ಲ. ಇನ್ನೊಂದು, ನೀರು. ಒಂದು ಸಲ ಹೊರಗೆ ಇಟ್ಟಿದ್ದ ಕಟ್ಟಿ ನೋಡೋಕೆ ಒಣಗಿತ್ತು, ಕಟ್ಟಿಯನ್ನು ಚಕ್ರಕ್ಕೆ ಹಿಡಿಸೋ ಕ್ಲಿಪ್ಪಿನ ಸಂದಿಯಲ್ಲಿ ತೇವ ಉಳಿದಿತ್ತೋ ಏನೋ, ಕರಗಿದ ಪಾತ್ರೆಗೆ ಹಾಕಿದ ಕ್ಷಣ ಢಬ್ ಅಂದಿತು. ಸೀಸದ ಹನಿಗಳು ಮುಖದ ಗಾಜಿನ ಮೇಲೆ, ತೋಳಿನ ಮೇಲೆ. ದಪ್ಪ ಅಂಗಿ ಹಾಕಿದ್ದೆ, ಬಚಾವ್. ಅವತ್ತಿನಿಂದ ಹೊಸ ಕಟ್ಟಿಗಳನ್ನು ತಣ್ಣನೆ ಪಾತ್ರೆಗೇ ಹಾಕಿ ಆಮೇಲೆ ಉರಿ ಹಚ್ಚುತ್ತೇನೆ, ಕಾದ ಸೀಸಕ್ಕೆ ಏನನ್ನೂ ಹಾಕೋದಿಲ್ಲ. ನೀರಿನ ಬಕೆಟ್ ಪಾತ್ರೆಯಿಂದ ದೂರ. ಗಾಳಿಯಾಡೋ ಜಾಗ, ಮುಗಿದ ಮೇಲೆ ಕೈ ತೊಳೆಯದೆ ಬಾಯಿಗೆ ಏನೂ ಇಲ್ಲ.

ನನ್ನ ಅಚ್ಚು ಲೈಮನ್ 311291, 170 ಗ್ರೇನಿನ ದುಂಡು ಮೂತಿಯ ಗುಂಡು, ಬುಡಕ್ಕೆ ಗ್ಯಾಸ್ ಚೆಕ್ ಅಂತ ತಾಮ್ರದ ಪುಟ್ಟ ಬಟ್ಟಲು ಕೂರುತ್ತದೆ. ದುಂಡು ಮೂತಿ ಕ್ಲಿಪ್ಪಿನಿಂದ ಚೇಂಬರಿಗೆ ಜಾರಿಕೊಂಡು ಹೋಗುತ್ತದೆ, ಚೂಪು ಮೂತಿಯ ಮೆತ್ತನೆ ಸೀಸ ಎಲ್ಲಾದರೂ ಗುದ್ದಿ ಮೂಗು ಮುರಿದುಕೊಳ್ಳುತ್ತದೆ. ಆರಿಸುವಾಗ ನಾನು ನೋಡೋದು ಬುಡ. ಮೂತಿ ಸ್ವಲ್ಪ ಸುಕ್ಕಾಗಿದ್ದರೂ ಓಡುತ್ತೆ, ಬುಡದ ಅಂಚು ದುಂಡಗಾಗಿದ್ದರೆ ವಾಪಸ್ ಪಾತ್ರೆಗೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದು ರಾತ್ರಿ, ತುಂಬಿಟ್ಟ ತೋಟಾಗಳಲ್ಲಿ ಒಂದರ ಕೇಸಿನ ಕತ್ತು, ಅಂದರೆ ಗುಂಡನ್ನು ಹಿಡಿಯೋ ತುದಿ, ಬಾಯಿಯಲ್ಲಿ ಅಗಲವಾಗಿರದೆ ಗುಂಡು ಓರೆಯಾಗಿ ಕೂತಿತ್ತು. ಹಾಳಾಗಿದ್ದು ಅಂತ ಸುತ್ತಿಗೆಯ ಥರದ ಪುಲ್ಲರ್‌ನಲ್ಲಿ ಕುಟ್ಟಿ ಗುಂಡು ಬಿಡಿಸಿದೆ. ಮತ್ತೆ ಕರಗಿಸೋ ಮೊದಲು ಸುಮ್ನೆ, ಮೈಕ್ರೋಮೀಟರ್ ಪಕ್ಕದಲ್ಲೇ ಇತ್ತು ಅಂತ, ಅಳೆದೆ. 0.308 ಇಂಚು. ಗುಂಡನ್ನು ಅಳತೆಗೆ ತರೋ ಸೈಜಿಂಗ್ ಡೈಯಿಂದ ನಾನು ತೆಗೆದಾಗ ಅದು 0.310 ಇತ್ತು! ಕಣ್ಣು ಉಜ್ಜಿಕೊಂಡು ಇನ್ನೊಂದು ಬಿಡಿಸಿದೆ. 0.308. ಮೂರನೆಯದು 0.3085. ಅಲ್ವಾ, ಈ ಎರಡು ಸಾವಿರದಂಶ ಎಲ್ಲಿ ಹೋಯ್ತು?

ಕೇಸಿನ ಕತ್ತು ತಿಂದಿತ್ತು. ನನ್ನ ಡೈ ಸೆಟ್ ಕವಚದ ಗುಂಡಿಗೆ ಮಾಡಿದ್ದು. ಅದರ ಎಕ್ಸ್‌ಪ್ಯಾಂಡರ್, ಅಂದರೆ ಕತ್ತು ಹಿಗ್ಗಿಸೋ ಭಾಗ, ಕತ್ತನ್ನು 0.306ರಷ್ಟು ಬಿಗಿಯಾಗಿ ಬಿಡುತ್ತದೆ. ಗಟ್ಟಿ ಕವಚದ ಗುಂಡು ತೂರಿದರೆ ಕತ್ತೇ ಹಿಗ್ಗಿಕೊಳ್ಳುತ್ತದೆ. ಸೀಸದ ಗುಂಡು ತೂರಿದರೆ ಗುಂಡೇ ಕುಗ್ಗುತ್ತದೆ. ನಾನು ಅಷ್ಟು ಮುತುವರ್ಜಿಯಿಂದ 0.310ಕ್ಕೆ ಸೈಜ್ ಮಾಡಿದ ಗುಂಡನ್ನು ಆ ಹಿತ್ತಾಳೆ ಕತ್ತು ಇನ್ನೊಂದು ಡೈ ಥರ ಹಿಂಡಿ ಸಣ್ಣದು ಮಾಡುತ್ತಿತ್ತು. ಸಣ್ಣ ಗುಂಡಿನ ಪಕ್ಕದಿಂದ ಬಿಸಿ ಗ್ಯಾಸ್ ನುಗ್ಗಿ ಸೀಸವನ್ನು ಕೊರೆದು ನಳಿಗೆಗೆ ಮೆತ್ತುತ್ತಿತ್ತು. ಲೈನೋಟೈಪ್ ಯಾಕೆ ಸ್ವಲ್ಪ ಸುಧಾರಿಸಿತು ಅನ್ನೋದೂ ಆಗ ಹೊಳೆಯಿತು. ಅದು ವೇಗ ತಡೆದಿದ್ದಲ್ಲ, ಕತ್ತಿನ ಹಿಂಡುವಿಕೆಯನ್ನು ತಡೆದಿದ್ದು. ಎರಡು ತಿಂಗಳು ಸರಿಯಾದ ಫಲಿತಾಂಶಕ್ಕೆ ತಪ್ಪು ಕಾರಣ ಹಿಡಿದು ಕೂತಿದ್ದೆ.

ಆಮೇಲೆ ಎಲ್ಲ ಬಿಟ್ಟು ಅಳತೆ ಶುರು ಮಾಡಿದೆ. ಮೆತ್ತನೆ ಸೀಸದ ತುಂಡೊಂದನ್ನು ಎಣ್ಣೆ ಸವರಿ ನಳಿಗೆಯಲ್ಲಿ ತಳ್ಳಿದೆ: ಗೀರಿನ ಆಳದಲ್ಲಿ 0.308ಕ್ಕೆ ಕೂದಲೆಳೆ ಜಾಸ್ತಿ. ಗಂಟಲು, ಅಂದರೆ ಚೇಂಬರ್ ಮುಗಿದು ಗೀರು ಶುರುವಾಗೋ ಜಾಗ, ಅದಕ್ಕೆ ಸೆರೋಸೇಫ್ ಹೊಯ್ದೆ, ಅದು ನೀರು ಕುದಿಯೋ ಶಾಖಕ್ಕಿಂತ ಕಡಿಮೆಯಲ್ಲೇ ಕರಗುವ ಲೋಹ. ತೆಗೆದು ಅಳೆದರೆ ಗಂಟಲು 0.310ಕ್ಕೂ ತುಸು ಮೇಲೆ. ಹಳೇ ಸೇನಾ ರೈಫಲ್, ಎಷ್ಟು ಸಾವಿರ ಗುಂಡು ನುಂಗಿದೆಯೋ, ಗಂಟಲು ಸವೆದಿರೋದು ಸಹಜ. ಗುಂಡು ಆ ಗಂಟಲನ್ನು ತುಂಬಬೇಕು, ನಳಿಗೆಯನ್ನಲ್ಲ. ಎರಕದ ಗುಂಡಿನ ಇಡೀ ವಿದ್ಯೆಯಲ್ಲಿ ನಾನು ಒಂದನ್ನು ಮಾತ್ರ ಇಟ್ಟುಕೋ ಅಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ.

ಪರಿಹಾರ ನಾಚಿಕೆಯಾಗುವಷ್ಟು ಸಣ್ಣದು. ಲೈಮನ್ ಎಂ ಡೈ ಅಂತ ಸಿಗುತ್ತೆ, ಎರಡು ಹಂತದ ಎಕ್ಸ್‌ಪ್ಯಾಂಡರ್. ಮೊದಲ ಹಂತ ಕತ್ತನ್ನು ಸೀಸಕ್ಕೆ ಹೊಂದುವಷ್ಟು ಹಿಗ್ಗಿಸುತ್ತದೆ, ಎರಡನೆಯದು ಬಾಯಿಯ ಹತ್ತಿರ ಚೂರು ಜಾಸ್ತಿ, ಗುಂಡನ್ನು ಕೈಯಲ್ಲೇ ನೆಟ್ಟಗೆ ಕೂರಿಸಬಹುದು, ಸೀಸ ಕೆರೆಯೋದಿಲ್ಲ. ಹೀಗೆ ಕೂರಿಸಿದ್ದನ್ನು ಮತ್ತೆ ಬಿಡಿಸಿ ಅಳೆದೆ. 0.310. ಆ ಸಂಖ್ಯೆ ನೋಡಿ ಒಬ್ಬನೇ ನಕ್ಕಿದ್ದೆ.

ಆದರೆ ಬೋಲ್ಟ್ ರೈಫಲ್‌ನಲ್ಲಿ ಇಲ್ಲದ ತಾಪತ್ರಯ ಗ್ಯಾರಂಡ್‌ನಲ್ಲಿ ಇದೆ. ಕತ್ತು ಸಡಿಲ ಬಿಟ್ಟರೆ ಬೋಲ್ಟ್ ತೋಟಾವನ್ನು ಜೋರಾಗಿ ತಳ್ಳುವಾಗ ಗುಂಡು ಕೇಸಿನ ಒಳಗೆ ಕುಸಿಯುತ್ತದೆ, ಆಗ ಒತ್ತಡ ಏರುತ್ತದೆ. ಹಾಗಾಗಿ ಹಿಗ್ಗಿಸಿದ ಬಾಯಿಯನ್ನು ಟೇಪರ್ ಕ್ರಿಂಪ್ ಅನ್ನೋ ಡೈಯಲ್ಲಿ ಮೆಲ್ಲಗೆ ಒತ್ತಿ ವಾಪಸ್ ನೆಟ್ಟಗೆ ಮಾಡುತ್ತೇನೆ, ಅಷ್ಟೇ, ಕಚ್ಚಿಸೋದಿಲ್ಲ. ಪರೀಕ್ಷೆಗೆ ತೋಟಾದ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳ ಜೋರಲ್ಲಿ ಒತ್ತಿ ನೋಡೋದು, ಉದ್ದ ಬದಲಾಗಬಾರದು.

ಪ್ರೈಮರ್, ಅಂದರೆ ಕೇಸಿನ ಬುಡದಲ್ಲಿದ್ದು ಪೆಟ್ಟು ಬಿದ್ದರೆ ಮದ್ದು ಹೊತ್ತಿಸೋ ಕಿಡಿಬಟ್ಟಲು, ಅದರ ವಿಷಯದಲ್ಲಿ ತಮಾಷೆ ಬೇಡ. ಗ್ಯಾರಂಡ್‌ನ ಫೈರಿಂಗ್ ಪಿನ್‌ಗೆ (ಪ್ರೈಮರಿಗೆ ಪೆಟ್ಟು ಕೊಡೋ ಸೂಜಿಗೆ) ಸ್ಪ್ರಿಂಗ್ ಇಲ್ಲ, ಬೋಲ್ಟ್ ಮುಂದೆ ಬಂದು ಬಡಿದಾಗ ಅದು ತಾನೇ ಮುಂದೆ ಜಾರಿ ಪ್ರೈಮರನ್ನು ಮುಟ್ಟುತ್ತದೆ. ಹೊಡೆಯದೆ ಹೊರತೆಗೆದ ತೋಟಾ ನೋಡಿ, ಪ್ರೈಮರ್ ಮೇಲೆ ಸಣ್ಣ ಗುಳಿ ಇರುತ್ತೆ. ಪ್ರೈಮರ್ ಮೆತ್ತಗಿದ್ದರೆ, ಅಥವಾ ಪೂರ್ತಿ ಒಳಗೆ ಕೂರದೆ ಎದ್ದಿದ್ದರೆ, ಟ್ರಿಗರ್ ಮುಟ್ಟದೇನೇ ಹಾರಬಹುದು, ಅದೂ ಬೋಲ್ಟ್ ಪೂರ್ತಿ ಬೀಗ ಬೀಳೋ ಮೊದಲೇ. ನಾನು ಸಿಸಿಐ 34 ಬಳಸುತ್ತೇನೆ, ಸೇನಾ ರೈಫಲ್‌ಗಳಿಗೇ ಅಂತ ಇರೋದು. ಪ್ರತಿ ಕೇಸಿನ ಬುಡದ ಮೇಲೂ ಬೆರಳಾಡಿಸುತ್ತೇನೆ. ಪ್ರೈಮರ್ ಬೆರಳಿಗೆ ಒಳಗಿದೆ ಅನ್ನಿಸಬೇಕು. ಕೇಸನ್ನು ಪೂರ್ತಿ ಉದ್ದಕ್ಕೂ ಸೈಜ್ ಮಾಡಿ, ಗೇಜಿಗೆ ಹಾಕಿ ನೋಡಿದ ಮೇಲೇ ಮುಂದಿನ ಕೆಲಸ.

ರೇಂಜಿನಲ್ಲಿ ಈ ಸಲ ಎಂಟು ತುಂಬಲಿಲ್ಲ. ಕ್ಲಿಪ್‌ಗೆ ಒಂದೇ ಹಾಕಿ ಹೊಡೆಯೋದು, ಬೋಲ್ಟ್ ಹಿಂದೆ ಹೋಗಿ ನಿಲ್ಲುತ್ತಾ ಅಂತ ನೋಡೋದು. ನಿಂತರೆ ಎರಡು ಹಾಕಿ, ಎರಡನೆಯದನ್ನು ಎತ್ತಿಕೊಂಡು ಬರುತ್ತಾ ಅಂತ ನೋಡೋದು. ಖಾಲಿ ಕೇಸ್ ಎಲ್ಲಿ ಬೀಳುತ್ತೆ ಅನ್ನೋದೇ ನನ್ನ ಮೀಟರ್. ಸೇನಾ ಶಕ್ತಿಯ ತೋಟಾದಲ್ಲಿ ನನ್ನ ರೈಫಲ್ ಕೇಸನ್ನು ಬಲ ಮುಂದಕ್ಕೆ ದೂರ ಎಸೆಯುತ್ತೆ. ಸೀಸದ್ದಕ್ಕೆ ಬಲಕ್ಕೆ ನೇರವಾಗಿ, ಮೂರು ಹೆಜ್ಜೆ ಆಚೆ, ಸೋಮಾರಿ ಥರ ಬಿತ್ತು. ಸಾಕು. ಅದಕ್ಕಿಂತ ಜೋರು ಬೇಕಿಲ್ಲ.

ವೇಗ ಅಳೆಯೋ ಕ್ರೋನೋಗ್ರಾಫ್‌ನಲ್ಲಿ ಸೆಕೆಂಡಿಗೆ 1,950 ಅಡಿ ಆಸುಪಾಸು. 10 ಇಂಚಿಗೆ ಒಂದು ಸುತ್ತು ತಿರುಗಿಸೋ ನಳಿಗೆಯಲ್ಲಿ ಅಂದರೆ ಗುಂಡು ನಿಮಿಷಕ್ಕೆ 1,40,400 ಸುತ್ತು. ವೇಗ ಇನ್ನೂ ಏರಿಸಿದಾಗ ನನ್ನಲ್ಲಿ ಹಲಗೆಯ ತೂತುಗಳ ಗುಂಪು ಮತ್ತೆ ಹಿಗ್ಗತೊಡಗಿತು, ಹಾಗಾಗಿ ಅಲ್ಲಿಗೆ ನಿಲ್ಲಿಸಿದೆ. 100 ಗಜಕ್ಕೆ ಮೂರು ಇಂಚಿನ ಒಳಗೆ ಎಂಟೂ. ಅದೂ ನೀರಿಗೆ ಬೀಳಿಸಿದ ಮಾಮೂಲಿ ಚಕ್ರದ ಕಟ್ಟಿಯ ಲೋಹದಲ್ಲಿ. ಲೈನೋಟೈಪ್ ಡಬ್ಬಿ ಮೂಲೆಯಲ್ಲಿ ಧೂಳು ತಿನ್ನುತ್ತಿದೆ. ಗುಂಡು ನಿಧಾನ ಆದ್ದರಿಂದ ಕೆಳಗೆ ಬೀಳುತ್ತೆ, ಹಿಂದಿನ ಸೈಟ್ ಕೆಲವು ಕ್ಲಿಕ್ ಏರಿಸಬೇಕು, ಒಂದು ಕ್ಲಿಕ್‌ಗೆ 100 ಗಜದಲ್ಲಿ ಹೆಚ್ಚುಕಡಿಮೆ ಒಂದು ಇಂಚು.

ಕ್ಲೀನಿಂಗ್ ಕೂಡ ಬೇರೆ ಥರ. ಶುರು ಮಾಡೋ ಮೊದಲೇ ನಳಿಗೆಯಲ್ಲಿರೋ ತಾಮ್ರದ ಕೊಳೆ ಪೂರ್ತಿ ತೆಗೆಯಬೇಕು, ಇಲ್ಲದಿದ್ದರೆ ಸೀಸ ಅದರ ಮೇಲೇ ಹತ್ತಿಕೊಳ್ಳುತ್ತೆ. ಗ್ಯಾರಂಡನ್ನು ಬಾಯಿಯ ಕಡೆಯಿಂದಲೇ ತೊಳೆಯಬೇಕಾದ್ದರಿಂದ ಕ್ಲೀನಿಂಗ್ ರಾಡ್ ನಳಿಗೆಯ ಅಂಚಿಗೆ ಉಜ್ಜದ ಹಾಗೆ ಗೈಡ್ ಹಾಕುತ್ತೇನೆ. ಗುಂಡಿಗೆ ಜಾರಲು ಹಾಕೋದು ಜೇನುಮೇಣ ಮತ್ತು ಅಲಾಕ್ಸ್ ಅನ್ನೋ ಜಾರುವ ವಸ್ತು ಅರ್ಧರ್ಧ ಬೆರೆಸಿದ ಮೇಣ, ಹೊಗೆ ಬರುತ್ತೆ, ವಾಸನೆಯೂ ಬರುತ್ತೆ. ಅದು ಗ್ಯಾಸ್ ಸಿಲಿಂಡರಿನಲ್ಲೂ ಕಪ್ಪಗೆ ಮೆತ್ತಿಕೊಳ್ಳುತ್ತೆ, ನೂರೈವತ್ತು ಹೊಡೆತಕ್ಕೊಮ್ಮೆ ಬಿಚ್ಚಿ ಒಣಗಿಸಿ ಒರೆಸುತ್ತೇನೆ, ಒಳಗೆ ಎಣ್ಣೆ ಹಾಕೋದಿಲ್ಲ.

ಒಂದು ತಕರಾರು ಮಾತ್ರ ಉಳಿದಿದೆ. ತೊಳೆದ ನಳಿಗೆಯಿಂದ ಹೋಗೋ ಮೊದಲ ಗುಂಡು ಯಾವಾಗಲೂ ಗುಂಪಿನಿಂದ ಎರಡು ಇಂಚು ಮೇಲೆ, ಎಡಕ್ಕೆ. ಮೇಣ ಬದಲಾಯಿಸಿ ನೋಡಿದೆ, ಹೋಗಲಿಲ್ಲ. ಈಗ ಮೊದಲ ಎರಡನ್ನು ದಿಬ್ಬಕ್ಕೆ ಹೊಡೆದು, ಆಮೇಲೆ ಹಲಗೆಗೆ ಕೂರುತ್ತೇನೆ.