ಕಾರಿನ ಪೇಂಟ್ ಮೇಲಿನ ಫಿಲ್ಮ್: ಹಾಕುವುದು ನೆರಳಲ್ಲಿ, ತೆಗೆಯುವುದು ಬಿಸಿಲಲ್ಲಿ

ಕಾರಿನ ಪೇಂಟ್ ಕಾಪಾಡಲು ಮೇಲೊಂದು ಪಾರದರ್ಶಕ ಫಿಲ್ಮ್ ಹಾಕಿಸಿಕೊಳ್ಳಿ ಅಂತ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅದನ್ನು ತೆಗೆಯುವುದು ಹೇಗೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದೆ, ಬಾನೆಟ್ ಮೇಲೂ ಎಡಗಡೆ ಮಡ್‌ಗಾರ್ಡ್ ಮೇಲೂ ಹಳೇ ಫಿಲ್ಮ್ ಇತ್ತು, ಹಳದಿ ತಿರುಗಿ, ಅಂಚಿನ ಉದ್ದಕ್ಕೂ ಕಪ್ಪು ಗೆರೆ ಕಟ್ಟಿತ್ತು. ಧಾರವಾಡದ ಜನವರಿ ಚಳಿ, ಬೆಳಿಗ್ಗೆ ಏಳು ಗಂಟೆ, ರಜೆ ಇದೆ ಅಂತ ಮೂಲೆಯಿಂದ ಉಗುರು ಹಾಕಿ ಎಬ್ಬಿಸಿ ಎಳೆಯಲು ಶುರು ಮಾಡಿದೆ. ಬಾನೆಟ್‌ನಲ್ಲಿ ಫಿಲ್ಮ್ ತುಂಡು ತುಂಡಾಗಿ ಹರಿಯಿತು, ಅಂಟು ಪೂರ್ತಿ ಅಲ್ಲೇ ಉಳಿಯಿತು. ಮಡ್‌ಗಾರ್ಡ್‌ನಲ್ಲಿ ಫಿಲ್ಮ್ ಜೊತೆಗೆ ಅಂಗೈಯಷ್ಟು ಪೇಂಟೇ ಎದ್ದು ಬಂತು. ಕೆಳಗೆ ಬೂದು ಬಣ್ಣದ ಪ್ರೈಮರ್. ಆ ಮಡ್‌ಗಾರ್ಡ್‌ಗೆ ಹಿಂದೆ ಯಾವಾಗಲೋ ಮತ್ತೆ ಪೇಂಟ್ ಮಾಡಿಸಿದ್ದರು, ನನಗೆ ಗೊತ್ತಿರಲಿಲ್ಲ.

ಆ ದಿನದ ಎರಡು ತಪ್ಪುಗಳನ್ನು ನೀವು ಮಾಡಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ. ಒಂದು, ಚಳಿಯಲ್ಲಿ ಎಳೆದದ್ದು. ಇನ್ನೊಂದು, ಫಿಲ್ಮ್ ಕೆಳಗಿನ ಪೇಂಟ್ ಯಾವುದು ಅಂತ ನೋಡದೇ ಇದ್ದದ್ದು.

ಮೊದಲು ಈ ಫಿಲ್ಮ್ ಏನು ಅಂತ ನೋಡೋಣ. ಅಂಗಡಿಯಲ್ಲಿ ಪಿಪಿಎಫ್, ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್ ಅಂತಾರೆ. ಒಳ್ಳೆಯದಾದರೆ ಅದು ಟಿಪಿಯು, ಅಂದರೆ ಹಿಗ್ಗುವ ಪಾಲಿಯುರೆಥೇನ್ ಹಾಳೆ. ದಪ್ಪ ಸುಮಾರು 150ರಿಂದ 200 ಮೈಕ್ರಾನ್. ಕಂಪನಿ ಪೇಂಟಿನ ಮೇಲಿನ ಹೊಳಪಿನ ಪದರ, ಕ್ಲಿಯರ್ ಕೋಟ್, ಸುಮಾರು 40-50 ಮೈಕ್ರಾನ್ ಅಷ್ಟೇ. ಅಂದರೆ ಆ ತೆಳ್ಳನೆಯ ಪದರದ ಮೇಲೆ ಅದರ ಮೂರು-ನಾಲ್ಕು ಪಟ್ಟು ದಪ್ಪದ ಹೊದಿಕೆ ಹೊದಿಸಿದ ಹಾಗೆ. ಇದು ಮೊದಲು ಬಂದದ್ದು ಕಾರಿಗಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್ ರೆಕ್ಕೆಗಳು ಮರಳು, ಕಲ್ಲಿನ ಹೊಡೆತಕ್ಕೆ ಸವೆಯಬಾರದು ಅಂತ ಇಂಥ ಫಿಲ್ಮ್ ಅಂಟಿಸುತ್ತಿದ್ದರು.

ಕಡಿಮೆ ಬೆಲೆಯಲ್ಲಿ ಸಿಗುವುದು ಬಹುತೇಕ ಪಿವಿಸಿ, ಅಥವಾ ಟಿಪಿಎಚ್ ಅಂತ ಹೆಸರಿಟ್ಟ ಅದರದೇ ತಮ್ಮ. ನಮ್ಮ ಬಿಸಿಲಿಗೆ ಅವು ಬೇಗ ಹಳದಿಯಾಗುತ್ತವೆ, ಗಡುಸಾಗುತ್ತವೆ, ತೆಗೆಯುವಾಗ ಚೂರು ಚೂರಾಗುತ್ತವೆ. ಅಂಗಡಿಯವರಿಂದ ಒಂದು ತುಂಡು ಕೇಳಿ ತೆಗೆದುಕೊಂಡು ಕೈಯಲ್ಲಿ ಎಳೆದು ನೋಡಿ. ಟಿಪಿಯು ರಬ್ಬರಿನ ಹಾಗೆ ಹಿಗ್ಗಿ ವಾಪಸ್ ಬರುತ್ತದೆ. ಪಿವಿಸಿ ಹಿಗ್ಗಿದ ಮೇಲೆ ಹಾಗೇ ಜೋತು ನಿಲ್ಲುತ್ತದೆ. ಫಿಲ್ಮ್ ಸುರುಳಿಯ ನಂಬರ್, ಅಂದರೆ ರೋಲ್ ನಂಬರ್ ಬರೆದ ವಾರಂಟಿ ಕಾರ್ಡ್ ಕೊಡ್ತೀರಾ ಅಂತಲೂ ಕೇಳಿ.

ನಮ್ಮ ಕಡೆ ಇದು ಬೇಕಾ? ನೀವು ಎಲ್ಲಿ ಓಡಾಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಹುಬ್ಬಳ್ಳಿ ಊರೊಳಗೇ ವಿದ್ಯಾನಗರದಿಂದ ಕೊಪ್ಪಿಕರ್ ರೋಡಿಗೆ ಹೋಗಿ ಬರುವ ಕಾರಿಗೆ ಇಡೀ ಮೈಗೆ ಫಿಲ್ಮ್ ಬೇಡ ಅಂತ ನನ್ನ ಅಭಿಪ್ರಾಯ. ಬೈಪಾಸ್‌ನಲ್ಲಿ ದಿನಾ ಲಾರಿ ಹಿಂದೆ ಓಡಿಸುವವರು, ಅಣ್ಣಿಗೇರಿ ಮೇಲೆ ಗದಗಕ್ಕೆ ಹೋಗಿ ಬರುವವರು, ಕಲಘಟಗಿ-ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವವರು ಮುಂದಿನ ಬಂಪರ್, ಬಾನೆಟ್, ಕನ್ನಡಿಯ ಹಿಂಭಾಗ ಇಷ್ಟಕ್ಕಾದರೂ ಹಾಕಿಸಿ. ಕಲ್ಲಿನ ಏಟು ಬೀಳುವುದೇ ಅಲ್ಲಿ. ಇಡೀ ಕಾರಿಗೆ ಒಳ್ಳೆ ಟಿಪಿಯು ಅಂದರೆ ಲಕ್ಷದ ಆಸುಪಾಸಿನ ಮಾತು, ಎಲ್ಲರಿಗೂ ಆಗುವುದಲ್ಲ. ಇನ್ನೊಂದು ಮಾತು, ಫಿಲ್ಮ್ ಹಾಕಿದರೆ ಡೆಂಟ್ ಬೀಳುವುದಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಣ್ಣ ಕಲ್ಲು, ಬಟ್ಟೆ ಉಜ್ಜಿದ ಗೀರು, ಹಕ್ಕಿ ಹಿಕ್ಕೆ, ಹುಳ, ಇವಿಷ್ಟನ್ನು ತಡೆಯುತ್ತದೆ. ತಾನೇ ಮಾಯುವ ಗುಣ ಇರುವುದು ಮೇಲ್ಪದರದ ಸಣ್ಣ ಗೀರಿಗೆ ಮಾತ್ರ, ಅದಕ್ಕೂ ಬಿಸಿಲೋ ಬಿಸಿ ನೀರೋ ಬೇಕು. ಬೀಗದ ಕೈಯಿಂದ ಆಳವಾಗಿ ಗೀಚಿದರೆ ಅದು ಮಾಯುವುದಿಲ್ಲ.

ಬಾನೆಟ್, ಬಂಪರ್ ನೀವೇ ಹಾಕಲು ಹೋಗಬೇಡಿ. ಆ ತಿರುವುಗಳಿಗೆ ಕೈ ಪಳಗಿರಬೇಕು. ಅಂಗಡಿಯಲ್ಲಿ ಕೊಟ್ಟಾಗ ಒಂದೇ ಪ್ರಶ್ನೆ ಕೇಳಿ: ಮೊದಲೇ ಯಂತ್ರದಲ್ಲಿ ಕತ್ತರಿಸಿದ ತುಂಡು ಹಾಕ್ತೀರಾ, ಇಲ್ಲಾ ಕಾರಿನ ಮೇಲಿಟ್ಟು ಬ್ಲೇಡ್ ಹಾಕ್ತೀರಾ? ಎರಡನೆಯದಾದರೆ ಬ್ಲೇಡ್ ಗೆರೆ ಪೇಂಟ್ ಮೇಲೂ ಬೀಳಬಹುದು, ಅದು ಕಾಣುವುದು ವರ್ಷಗಳ ನಂತರ ಫಿಲ್ಮ್ ತೆಗೆದಾಗ. ಬಾಗಿಲ ಹಿಡಿಕೆಯ ಕೆಳಗಿನ ಗುಳಿ, ಬಾಗಿಲ ಅಂಚು, ಡಿಕ್ಕಿಗೆ ಸಾಮಾನು ಏರಿಸುವಾಗ ಉಜ್ಜುವ ಬಂಪರಿನ ಮೇಲ್ಭಾಗ, ಇವು ಮನೆಯಲ್ಲೇ ಆಗುವ ಕೆಲಸ.

ಹಾಕಲು ನೆರಳು ಬೇಕು, ಗಾಳಿ ಬೀಸಬಾರದು, ಪೇಂಟ್ ಮುಟ್ಟಿದರೆ ತಣ್ಣಗಿರಬೇಕು. ಬೇಸಿಗೆ ಮಧ್ಯಾಹ್ನ ಬೇಡ. ಬಿಸಿಯಾದ ತಗಡಿನ ಮೇಲೆ ನೀರು ಕ್ಷಣದಲ್ಲಿ ಆರಿ ಅಂಟು ಹಿಡಿದುಬಿಡುತ್ತದೆ, ಸರಿಸಲು ಆಗುವುದಿಲ್ಲ. ನಮ್ಮಲ್ಲಿ ಧೂಳಿನದೇ ದೊಡ್ಡ ತೊಂದರೆ, ಅದಕ್ಕೆ ಮಳೆಗಾಲದ ಒಂದು ಬಿಡುವಿನ ದಿನ, ಕಾರು ಒಳಗೆ ನಿಲ್ಲಿಸಿ, ನೆಲಕ್ಕೆ ನೀರು ಚಿಮುಕಿಸಿ ಮಾಡಿದರೆ ಎಲ್ಲಕ್ಕಿಂತ ಚಲೋ. ಫ್ಯಾನ್ ಆಫ್ ಮಾಡಿ.

ಜಾಗವನ್ನು ಶಾಂಪೂ ಹಾಕಿ ತೊಳೆಯಿರಿ, ಕೈಗೆ ಒರಟು ಹತ್ತಿದರೆ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಮಣ್ಣಿನಂಥ ಮೆತ್ತನೆಯ ತುಂಡು) ಆಡಿಸಿ, ಕೊನೆಗೆ ಐಸೋಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ವ್ಯಾಕ್ಸ್ ಒಂದಿಷ್ಟು ಉಳಿದರೂ ಅಂಚು ಹಿಡಿಯುವುದಿಲ್ಲ. ಬಟರ್ ಪೇಪರ್ ಇಟ್ಟು ಅಳತೆ ತೆಗೆದುಕೊಂಡು ಫಿಲ್ಮ್ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಮೊದಲು ಏಳುತ್ತದೆ. ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ಮೂರ್ನಾಲ್ಕು ಹನಿ ಬೇಬಿ ಶಾಂಪೂ. ಬೋರ್‌ವೆಲ್ ನೀರು ಬೇಡ, ಸುಣ್ಣದ ಕಲೆ ಫಿಲ್ಮ್ ಅಡಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಆರ್‌ಒ ನೀರು ಸಾಕು, ಇಲ್ಲದಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್.

ಪೇಂಟ್ ಮೇಲೆ ಚೆನ್ನಾಗಿ ಸಿಂಪಡಿಸಿ, ಬೆರಳು ಒದ್ದೆ ಮಾಡಿಕೊಳ್ಳಿ, ಹಿಂದಿನ ಹಾಳೆ ಬಿಡಿಸುತ್ತಾ ಅಂಟಿನ ಮೇಲೂ ಸಿಂಪಡಿಸುತ್ತಾ ಹೋಗಿ. ಫಿಲ್ಮ್ ನೀರಿನ ಮೇಲೆ ತೇಲಬೇಕು, ಆಗ ಸರಿಯಾದ ಜಾಗಕ್ಕೆ ಜಾರಿಸಬಹುದು. ಆಮೇಲೆ ಫಿಲ್ಮಿನ ಮೇಲ್ಮೈಗೂ ನೀರು ಹಾಕಿ, ಮೆತ್ತನೆಯ ಸ್ಕ್ವೀಜಿಯಿಂದ ನಡುವಿನಿಂದ ಹೊರಗೆ ತಳ್ಳುತ್ತಾ ನೀರು ತೆಗೆಯಿರಿ. ಅಂಚು ಹಿಡಿಯದಿದ್ದರೆ ಆ ಅಂಚಿಗೆ ಮಾತ್ರ ನೀರಿನಲ್ಲಿ ಸ್ವಲ್ಪ ಐಸೋಪ್ರೊಪೈಲ್ ಬೆರೆಸಿ ಸಿಂಪಡಿಸಿ, ಒಂದು ನಿಮಿಷ ಬಿಟ್ಟು ಒತ್ತಿ. ನೀರಿನ ಸಣ್ಣ ಗುಳ್ಳೆಗಳು ಕೆಲವು ದಿನದಲ್ಲಿ ತಾವೇ ಹೋಗುತ್ತವೆ, ಸೂಜಿ ಚುಚ್ಚಬೇಡಿ. ಧೂಳಿನ ಕಣ ಸಿಕ್ಕಿದ್ದರೆ ಅದು ಹೋಗುವುದಿಲ್ಲ, ಆಗಲೇ ಎತ್ತಿ, ನೀರು ಹಾಯಿಸಿ ಮತ್ತೆ ಹಾಕಿ. ಒಂದು ವಾರ ಕಾರು ತೊಳೆಯಬೇಡಿ.

ಇನ್ನು ದಿನಬಳಕೆ. ಹುಬ್ಬಳ್ಳಿಯವರಿಗೆ ಎರಡು ದಿನ ನೆನಪಿರಲಿ, ರಂಗಪಂಚಮಿ ಮತ್ತು ಆಯುಧ ಪೂಜೆ. ಫಿಲ್ಮ್ ಪೇಂಟಿಗಿಂತ ಬೇಗ ಬಣ್ಣ ಹೀರುತ್ತದೆ, ಬಿಳಿ ಕಾರಿನಲ್ಲಿ ಎದ್ದು ಕಾಣುತ್ತದೆ. ಬಣ್ಣ ಬಿದ್ದರೆ ಒಣಗಿದ ಬಟ್ಟೆಯಿಂದ ಉಜ್ಜದೆ ಅವತ್ತೇ ಧಾರಾಳ ನೀರಿನಿಂದ ತೊಳೆಯಿರಿ. ಪೂಜೆಯಲ್ಲಿ ಅರಿಸಿನ, ಕುಂಕುಮವನ್ನು ನಂಬರ್ ಪ್ಲೇಟಿಗೋ ಗಾಜಿಗೋ ಹಚ್ಚಿ, ಫಿಲ್ಮ್ ಮೇಲೆ ಬೇಡ. ಅರಿಸಿನದ ಕಲೆ ಬಿಸಿಲಿಗೆ ನಿಧಾನವಾಗಿ ಮಾಸುತ್ತದೆ, ಕುಂಕುಮದ್ದು ಹಾಗೆ ನಂಬಲು ಬರುವುದಿಲ್ಲ. ಬಾಳೆಕಂಬ, ಹೂವಿನ ಹಾರವನ್ನು ಫಿಲ್ಮಿಗೆ ಟೇಪ್ ಹಚ್ಚಿ ನಿಲ್ಲಿಸಬೇಡಿ, ಟೇಪ್ ಕೀಳುವಾಗ ಫಿಲ್ಮಿನ ಅಂಚೂ ಏಳುತ್ತದೆ. ಸರ್ವಿಸಿಂಗ್‌ನಲ್ಲಿ ಪ್ರೆಶರ್ ಪೈಪ್ ಹಿಡಿಯುವ ಹುಡುಗನಿಗೆ ಅಂಚಿನಿಂದ ಒಂದು-ಎರಡು ಅಡಿ ದೂರ ಹಿಡಿಯಪ್ಪ ಅಂತ ಪ್ರೀತಿಯಿಂದ ಹೇಳಿ. ಎರಿ ಮಣ್ಣು ಮೆತ್ತಿಕೊಂಡು ಬಂದಾಗ ಮೊದಲು ನೆನೆಸಿ, ಆಮೇಲೆ ಕೈ ಹಾಕಿ.

ಈಗ ತೆಗೆಯುವ ವಿಷಯಕ್ಕೆ ಬರೋಣ, ಸಮಾಧಾನ ಜಾಸ್ತಿ ಬೇಕಾದದ್ದು ಇಲ್ಲೇ.

ಯಾವಾಗ ತೆಗೆಯಬೇಕು? ಹಳದಿಯಾಗಲು ಶುರುವಾದಾಗ, ಮೇಲೆ ಕೂದಲೆಳೆಯಂಥ ಬಿರುಕು ಕಂಡಾಗ, ಅಂಚುಗಳು ಸಾಲಾಗಿ ಏಳತೊಡಗಿದಾಗ. ಇನ್ನೂ ಮೆತ್ತಗಿರುವಾಗಲೇ ತೆಗೆದರೆ ಇಡೀ ಹಾಳೆ ಬರುತ್ತದೆ. ಇನ್ನೊಂದು ವರ್ಷ ನೋಡೋಣ ಅಂತ ಬಿಟ್ಟರೆ ಅಂಟು ಪೇಂಟ್ ಮೇಲೆ ಸುಟ್ಟ ಹಾಗೆ ಕೂರುತ್ತದೆ.

ಮುಟ್ಟುವ ಮೊದಲು ಆ ಭಾಗಕ್ಕೆ ಮರುಪೇಂಟ್ ಆಗಿದೆಯಾ ನೋಡಿ. ಕಂಪನಿ ಪೇಂಟನ್ನು ಹೆಚ್ಚು ಉಷ್ಣದಲ್ಲಿ ಒಲೆಯಲ್ಲಿ ಬೇಯಿಸಿರುತ್ತಾರೆ, ಗಟ್ಟಿ ಹಿಡಿದಿರುತ್ತದೆ. ಗ್ಯಾರೇಜ್ ಪೇಂಟ್ ಅಷ್ಟು ಹಿಡಿದಿರುವುದಿಲ್ಲ. ಬಾನೆಟ್ ಎತ್ತಿ ಮಡ್‌ಗಾರ್ಡ್ ಬೋಲ್ಟುಗಳನ್ನು ನೋಡಿ, ಪೇಂಟ್ ಕಿತ್ತು ಪಾನಾ ಗುರುತು ಇದ್ದರೆ ಬಿಚ್ಚಿದ್ದಾರೆ ಅಂತ ಅರ್ಥ. ರಬ್ಬರ್ ಬೀಡಿಂಗ್ ಅಂಚಿನಲ್ಲಿ ಪೇಂಟ್ ಹನಿ ಇದೆಯಾ? ಓರೆಯಾಗಿ ನೋಡಿದರೆ ಪಕ್ಕದ ಭಾಗಕ್ಕಿಂತ ಮೇಲ್ಮೈ ಒರಟಾಗಿದೆಯಾ? ಪರಿಚಯದ ಗ್ಯಾರೇಜಿನಲ್ಲಿ ಪೇಂಟ್ ದಪ್ಪ ಅಳೆಯುವ ಮೀಟರ್ ಇದ್ದರೆ ಇನ್ನೂ ಒಳ್ಳೆಯದು. ಮರುಪೇಂಟ್ ಆಗಿದೆ ಅಂತ ಗೊತ್ತಾದರೆ ಅಂಗಡಿಗೆ ಕೊಡಿ, ಅಪಾಯ ಇದೆ ಅಂತ ಅವರಿಗೂ ಮೊದಲೇ ಹೇಳಿ.

ಕೆಲಸಕ್ಕೆ ಮಾರ್ಚ್, ಏಪ್ರಿಲ್ ಆರಿಸಿಕೊಳ್ಳಿ. ನಮ್ಮ ಬಿಸಿಲೇ ಅರ್ಧ ಕೆಲಸ ಮಾಡಿಕೊಡುತ್ತದೆ. ಕಾರು ತೊಳೆದು ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿ. ಆಮೇಲೆ ಮೂಲೆಗೆ ಹೇರ್ ಡ್ರೈಯರ್ ಹಿಡಿಯಿರಿ, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಾ ಇರಿ. ಅಂಗೈ ಇಟ್ಟರೆ ಎರಡು ಸೆಕೆಂಡಿಗಿಂತ ಹೆಚ್ಚು ಇಡಲಾಗಬಾರದು, ಅಷ್ಟು ಬಿಸಿ ಸಾಕು. ಉಷ್ಣತೆ ಅಳೆಯುವ ಗನ್ ಇದ್ದರೆ 60-70 ಡಿಗ್ರಿ ನೋಡಿ. ಹೀಟ್ ಗನ್ ಇದ್ದವರು ಹುಷಾರು, ಅದು ನೂರಾರು ಡಿಗ್ರಿ ಕೊಡುತ್ತದೆ, ಬಂಪರ್ ಪ್ಲಾಸ್ಟಿಕ್ ಸೊಟ್ಟಾಗಲು ಹೆಚ್ಚು ಹೊತ್ತು ಬೇಡ. ಆವಿ ಬಿಡುವ ಸ್ಟೀಮರ್ ಸಿಕ್ಕರೆ ಗಡುಸಾದ ಹಳೇ ಫಿಲ್ಮಿಗೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಮೂಲೆಯನ್ನು ಉಗುರಿನಿಂದ ಅಥವಾ ಪ್ಲಾಸ್ಟಿಕ್ ಬ್ಲೇಡಿನಿಂದ ಎಬ್ಬಿಸಿ, ಕಬ್ಬಿಣದ ಬ್ಲೇಡ್ ಹತ್ತಿರ ತರಬೇಡಿ. ಫಿಲ್ಮನ್ನು ನೆಟ್ಟಗೆ ಮೇಲಕ್ಕೆ ಎಳೆಯಬೇಡಿ. ಹಿಂದಕ್ಕೆ ಮಡಚಿ, ತಗಡಿಗೆ ಹತ್ತಿರವಾಗಿ, ಎರಡೂ ಕೈಯಲ್ಲಿ ಸಮನಾಗಿ, ನಿಧಾನವಾಗಿ ಎಳೆಯಿರಿ. ಎಷ್ಟು ನಿಧಾನ ಅಂದರೆ ಅಂಟು ಪೇಂಟ್ ಬಿಟ್ಟು ಫಿಲ್ಮಿನ ಜೊತೆ ಬರುವುದು ಕಣ್ಣಿಗೆ ಕಾಣಬೇಕು. ಅಂಟು ಪೇಂಟ್ ಮೇಲೆ ಉಳಿಯತೊಡಗಿದರೆ ವೇಗ ಜಾಸ್ತಿ ಅಥವಾ ಬಿಸಿ ಕಡಿಮೆ ಅಂತ ಅರ್ಥ, ನಿಲ್ಲಿಸಿ ಮತ್ತೆ ಬಿಸಿ ಮಾಡಿ. ಎಳೆಯುವ ಗೆರೆಯ ಸ್ವಲ್ಪ ಮುಂದೆ ಬಿಸಿ ಕೊಡುತ್ತಾ ಹೋಗಲು ಇನ್ನೊಬ್ಬರು ಇದ್ದರೆ ಬಾನೆಟ್ ಒಂದು ಗಂಟೆಯೊಳಗೆ ಮುಗಿಯಬಹುದು, ಒಬ್ಬರೇ ಆದರೆ ಮಧ್ಯಾಹ್ನವಿಡೀ ಇಟ್ಟುಕೊಳ್ಳಿ. ಎಲ್ಲಾದರೂ ಫಿಲ್ಮಿನ ಅಡಿಗೆ ಪೇಂಟಿನ ಬಣ್ಣ ಅಂಟಿದ್ದು ಕಂಡರೆ ತಕ್ಷಣ ಕೈ ಬಿಡಿ. ನಾನು ಅವತ್ತು ಆ ಒಂದು ಕ್ಷಣ ನಿಂತು ನೋಡಿದ್ದರೆ ಬೆರಳಿನಷ್ಟಕ್ಕೇ ಮುಗಿಯುತ್ತಿತ್ತು.

ಉಳಿದ ಅಂಟಿಗೆ ಮೊದಲು ಬಿಸಿ ಮಾಡಿ ಹೆಬ್ಬೆರಳಿನಿಂದ ಉರುಳಿಸಿ, ತುಂಬಾ ಬರುತ್ತದೆ. ಆಮೇಲೆ ಕಿತ್ತಳೆ ಎಣ್ಣೆಯಿಂದ ಮಾಡಿದ ಅಂಟು ತೆಗೆಯುವ ದ್ರಾವಣ, ಇಲ್ಲವೇ ತುಕ್ಕು ಬಿಡಿಸುವ ಸ್ಪ್ರೇ ಡಬ್ಲ್ಯೂಡಿ-40 ಬಟ್ಟೆಗೆ ಹಾಕಿ ಅಂಟಿನ ಮೇಲೆ ಐದು ನಿಮಿಷ ಇಟ್ಟು ಒರೆಸಿ. ಉಜ್ಜಿ ಉಜ್ಜಿ ತೆಗೆಯುವುದಕ್ಕಿಂತ ನೆನೆಯಲು ಬಿಡುವುದು ವಾಸಿ. ಕೊನೆಗೆ ಐಸೋಪ್ರೊಪೈಲ್‌ನಿಂದ ಒರೆಸಿ, ಶಾಂಪೂ ಹಾಕಿ ತೊಳೆಯಿರಿ. ಥಿನ್ನರ್ ಮಾತ್ರ ಬೇಡ್ರೀ, ಮರುಪೇಂಟ್ ಇದ್ದ ಕಡೆ ಅದು ಬಣ್ಣವನ್ನೇ ಕರಗಿಸುತ್ತದೆ. ಪೆಟ್ರೋಲ್ ಕೂಡ ಬೇಡ, ಬಿಸಿಲು, ಬಿಸಿ ಡ್ರೈಯರ್ ಪಕ್ಕದಲ್ಲಿ ಅದು ಬೆಂಕಿಗೆ ದಾರಿ. ಮೇಲೆ ಹೇಳಿದ ಐಸೋಪ್ರೊಪೈಲ್, ಡಬ್ಲ್ಯೂಡಿ-40 ಕೂಡ ಹತ್ತಿಕೊಳ್ಳುವಂಥವೇ, ಡ್ರೈಯರ್ ಆಫ್ ಮಾಡಿ, ತಗಡು ತಣ್ಣಗಾದ ಮೇಲೆ ಬಳಸಿ.

ತೆಗೆದ ಮೇಲೆ ಫಿಲ್ಮ್ ಇದ್ದ ಜಾಗ ಸುತ್ತಲಿಗಿಂತ ಹೊಸದಾಗಿ ಕಾಣಬಹುದು, ಕೆಂಪು ಕಾರಿನಲ್ಲಿ ಇದು ಜಾಸ್ತಿ, ಸುತ್ತಲಿನ ಪೇಂಟ್ ಬಿಸಿಲಿಗೆ ಮಾಸಿರುತ್ತದೆ ಅಲ್ವಾ. ಹಗುರವಾಗಿ ಪಾಲಿಶ್ ಮಾಡಿಸಿದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ಅಂಚಿದ್ದ ಕಡೆ ಉಳಿದ ಕಪ್ಪು ಗೆರೆ ಬರೀ ಕೊಳೆ, ಕ್ಲೇ ಬಾರ್‌ಗೆ ಹೋಗುತ್ತದೆ. ಹೊಸ ಫಿಲ್ಮ್ ಹಾಕುವುದಿದ್ದರೆ ಅಂಟಿನ ಒಂದು ಚುಕ್ಕೆಯೂ ಉಳಿದಿರಬಾರದು. ಗ್ಯಾರೇಜಿನಲ್ಲಿ ಪೇಂಟ್ ಮಾಡಿಸಿದ್ದರೆ ಕಡಿಮೆ ಅಂದರೂ ಒಂದು ತಿಂಗಳು ಆರಲು ಬಿಡಿ. ನನ್ನ ಮಡ್‌ಗಾರ್ಡ್‌ಗೆ ಹೊಸ ಪೇಂಟ್ ಆಗಿದೆ, ಆದರೆ ಅದರ ಮೇಲೆ ಮತ್ತೆ ಫಿಲ್ಮ್ ಹಾಕಿಸಿಲ್ಲ. ಬಾನೆಟ್‌ಗೆ ಮಾತ್ರ ಹಾಕಿಸಿದ್ದೇನೆ, ರೋಲ್ ನಂಬರ್ ಮತ್ತು ಹಾಕಿಸಿದ ತಾರೀಖನ್ನು ಆರ್‌ಸಿ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ನಾಳೆ ಈ ಕಾರು ಯಾರ ಕೈಗೆ ಹೋದರೂ ಅವರಿಗೆ ಗೊತ್ತಿರಲಿ ಅಂತ.