ಅಮೆರಿಕದ ಫಲಿತಾಂಶ ಪಟ್ಟಿಯ ಮೂರನೆಯ ಸಾಲನ್ನು ಓದುವುದು ಹೇಗೆ?

ಅಮೆರಿಕದ ಚುನಾವಣೆ ಮುಗಿದ ಮೇಲೆ ನಮ್ಮ ಪತ್ರಿಕೆಗಳಲ್ಲಿ ಒಂದು ಪುಟ್ಟ ಕೋಷ್ಟಕ ಬರುತ್ತದೆ. ಒಂದು ಕಡೆ ಡೆಮಾಕ್ರಟರ ನೀಲಿ, ಇನ್ನೊಂದು ಕಡೆ ರಿಪಬ್ಲಿಕನ್ನರ ಕೆಂಪು, ಕೆಳಗೆ ಸಣ್ಣ ಅಕ್ಷರದಲ್ಲಿ ‘ಇತರರು’. ಪುಟದಲ್ಲಿ ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ಆ ಕೊನೆಯ ಸಾಲಿಗೆ. ರಾತ್ರಿ ಪಾಳಿಯಲ್ಲಿ ಕೂತು ಆ ಕತ್ತರಿ ಆಡಿಸಿದವರಲ್ಲಿ ನಾನೂ ಒಬ್ಬ. 2021ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಯಾರ ಕೈಗೆ ಹೋಗುತ್ತದೆ ಎಂದು ಜಗತ್ತೆಲ್ಲ ಜಾರ್ಜಿಯಾ ರಾಜ್ಯದತ್ತ ನೋಡುತ್ತಿದ್ದಾಗ, ಹಳೆಯ ಕೋಷ್ಟಕ ತೆಗೆದು ಲೆಕ್ಕ ಹಾಕಿದೆ. ಎರಡು ತಿಂಗಳ ಹಿಂದೆ ನಾನು ಕತ್ತರಿಸಿ ಎಸೆದ ಸಾಲಿನಲ್ಲೇ ಅದಕ್ಕೆ ಕಾರಣ ಕೂತಿತ್ತು.

ಆ ಸಾಲಿನಲ್ಲಿ ಸಾಮಾನ್ಯವಾಗಿ ಸಿಗುವವರು ಲಿಬರ್ಟೇರಿಯನ್ ಪಕ್ಷದವರು, ಅಂದರೆ ದುಡ್ಡಿಗೂ ಖಾಸಗಿ ಬದುಕಿಗೂ ಸರ್ಕಾರ ಕೈ ಹಾಕಬಾರದು ಎನ್ನುವವರು. ಐವತ್ತು ವರ್ಷ ದಾಟಿದ ಈ ಪಕ್ಷದ ಟಿಕೆಟ್ ಮೇಲೆ ನಿಂತು ಅಮೆರಿಕದ ಸಂಸತ್ತಿಗೆ ಗೆದ್ದುಬಂದವರು ಒಬ್ಬರೂ ಇಲ್ಲ. ಹಾಗಿದ್ದರೆ ಎರಡೇ ಪಕ್ಷಗಳ ಆ ಮನೆಯಲ್ಲಿ ಇವರು ಇರುವುದೆಲ್ಲಿ? ಒಂದು ಹಾಳೆ, ಒಂದು ಪೆನ್ಸಿಲ್, ಹಳೆಯ ಫಲಿತಾಂಶಗಳು ಕೈಯಲ್ಲಿದ್ದರೆ ನೀವೇ ಹುಡುಕಬಹುದು.

ಹಂತ 1: ಹೆಸರಿನ ಗೊಂದಲ ಬಿಡಿಸಿಕೊಳ್ಳಿ

ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ತಮ್ಮ ಬಗ್ಗೆ ಹೇಳಿಕೊಳ್ಳುತ್ತಿದ್ದದ್ದು ಹೀಗೆ: ತಾನು ಸಣ್ಣಕ್ಷರದ ಲಿಬರ್ಟೇರಿಯನ್, ದೊಡ್ಡಕ್ಷರದ ರಿಪಬ್ಲಿಕನ್, ರಿಪಬ್ಲಿಕನ್ ಆಗಿರುವುದು ಅನುಕೂಲಕ್ಕೇ ಹೊರತು ತತ್ವಕ್ಕಲ್ಲ. ಇಂಗ್ಲಿಷಿನಲ್ಲಿ ದೊಡ್ಡಕ್ಷರದಿಂದ ಬರೆದರೆ ಪಕ್ಷ, ಸಣ್ಣಕ್ಷರದಿಂದ ಬರೆದರೆ ವಿಚಾರ. ನಮ್ಮ ಲಿಪಿಯಲ್ಲಿ ಆ ಅನುಕೂಲ ಇಲ್ಲ. ಆದ್ದರಿಂದ ಈ ಲೇಖನದ ಮಟ್ಟಿಗೆ ಪಕ್ಷದವರನ್ನು ‘ಲಿಬರ್ಟೇರಿಯನ್ನರು’ ಎಂದೂ, ಯಾವ ಪಕ್ಷದಲ್ಲಿದ್ದರೂ ಆ ವಿಚಾರವನ್ನು ಒಪ್ಪಿದವರನ್ನು ‘ಸ್ವಾತಂತ್ರ್ಯವಾದಿಗಳು’ ಎಂದೂ ಕರೆಯೋಣ. ‘ಉದಾರವಾದಿ’ ಎಂಬ ಪದ ಮಾತ್ರ ಬೇಡ. ಅಮೆರಿಕದಲ್ಲಿ ಲಿಬರಲ್ ಎಂದರೆ ಡೆಮಾಕ್ರಟರ ಕಡೆ ವಾಲಿದವರು. ಆ ಪದ ಹಿಡಿದು ಹೊರಟರೆ ಬೇರೆಯವರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೀರಿ.

ಹಂತ 2: ಒಂದು ಚೌಕ ಬರೆಯಿರಿ

ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಸಾಕು. ಚೌಕದ ಎಡದಿಂದ ಬಲಕ್ಕೆ ಹೋದಷ್ಟೂ ‘ದುಡ್ಡಿನ ವಿಚಾರಕ್ಕೆ ಸರ್ಕಾರ ಕೈ ಹಾಕಬಾರದು’ ಎಂಬ ಮಾತು ಗಟ್ಟಿಯಾಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೋದಷ್ಟೂ ‘ಖಾಸಗಿ ಬದುಕಿಗೆ ಸರ್ಕಾರ ಕೈ ಹಾಕಬಾರದು’ ಎಂಬುದು ಗಟ್ಟಿಯಾಗುತ್ತದೆ. ಸಾಂಪ್ರದಾಯಿಕ ರಿಪಬ್ಲಿಕನ್ನರ ಚುಕ್ಕಿ ಕೆಳಗಿನ ಬಲಮೂಲೆಯಲ್ಲಿ ಕೂರುತ್ತದೆ, ಡೆಮಾಕ್ರಟರದ್ದು ಮೇಲಿನ ಎಡಮೂಲೆಯಲ್ಲಿ. ತೆರಿಗೆಯೂ ಇಳಿಯಲಿ, ಗಾಂಜಾ ಸೇದಿದವನನ್ನು ಜೈಲಿಗೆ ಹಾಕುವುದೂ ನಿಲ್ಲಲಿ, ಬಂದೂಕಿನ ಮೇಲಿನ ನಿರ್ಬಂಧವೂ ಬೇಡ, ಹೊರದೇಶಗಳ ಯುದ್ಧವೂ ಬೇಡ ಎನ್ನುವವನು ಮೇಲಿನ ಬಲಮೂಲೆಗೆ ಬರುತ್ತಾನೆ. ಅವನೇ ಸ್ವಾತಂತ್ರ್ಯವಾದಿ.

ಇಂಥ ನಕ್ಷೆಯನ್ನು ಜನಪ್ರಿಯಗೊಳಿಸಿದ ಡೇವಿಡ್ ನೋಲನ್ ಅವರೇ ಲಿಬರ್ಟೇರಿಯನ್ ಪಕ್ಷದ ಸ್ಥಾಪಕರಲ್ಲಿ ಪ್ರಮುಖರು. ಪೆನ್ನು ಬಿಟ್ಟು ಪೆನ್ಸಿಲ್ ಹಿಡಿಯಿರಿ ಎಂದದ್ದಕ್ಕೂ ಕಾರಣ ಇದೆ. ಆಮದು ಸುಂಕ ಏರಿಸುವುದೇ ರಿಪಬ್ಲಿಕನ್ನರಿಗೆ ಹೆಮ್ಮೆಯ ಮಾತಾದ ಮೇಲೆ ಅವರ ಚುಕ್ಕಿಯನ್ನು ಅಳಿಸಿ ಒಂದಿಷ್ಟು ಎಡಕ್ಕೆ ಇಡಬೇಕಾಗಿದೆ.

ಹಂತ 3: ಆಟದ ನಿಯಮ ನೋಡಿ

ಅಲ್ಲಿಯೂ ನಮ್ಮಲ್ಲಿಯಂತೆಯೇ ಒಂದು ಕ್ಷೇತ್ರಕ್ಕೆ ಒಬ್ಬನೇ ವಿಜೇತ. ಬಹುತೇಕ ಕಡೆ ಹೆಚ್ಚು ಮತ ಪಡೆದವನು ಗೆದ್ದ, ಉಳಿದವರು ಮನೆಗೆ. ಇಂಥ ಪದ್ಧತಿಯಲ್ಲಿ ಕಣ ಎರಡು ಪಕ್ಷಗಳಿಗೆ ಇಳಿಯುತ್ತದೆ ಎಂದು ಫ್ರಾನ್ಸಿನ ಮಾರಿಸ್ ಡುವೆರ್ಜೆ ಎಪ್ಪತ್ತು ವರ್ಷಗಳ ಹಿಂದೆಯೇ ವಾದಿಸಿದ್ದರು. ಹಾಗಾದರೆ ನಮ್ಮಲ್ಲಿ ಇಷ್ಟೊಂದು ಪಕ್ಷಗಳು ಬದುಕಿರುವುದು ಹೇಗೆ ಎಂದು ನೀವು ಕೇಳಬಹುದು. ಮತ ಒಂದೆಡೆ ಗುಡ್ಡೆ ಬಿದ್ದಿದ್ದರೆ ಮೂರನೆಯವನೂ ಬದುಕುತ್ತಾನೆ. 2018ರಲ್ಲಿ ಜೆಡಿಎಸ್ ರಾಜ್ಯದಲ್ಲಿ ಗಳಿಸಿದ ಮತ ಶೇ 18ರ ಆಸುಪಾಸು. ಅದರ ದೊಡ್ಡ ಪಾಲು ಹಳೇ ಮೈಸೂರಿನಲ್ಲೇ ಇದ್ದದ್ದರಿಂದ 37 ಸ್ಥಾನ ಬಂತು, ಮುಖ್ಯಮಂತ್ರಿ ಪದವಿಯೂ ಬಂತು.

ಲಿಬರ್ಟೇರಿಯನ್ನರಿಗೆ ಹಳೇ ಮೈಸೂರು ಇಲ್ಲ. ಸಾರಿಗೆ ಹಾಕಿದ ಉಪ್ಪಿನ ಹಾಗೆ ಅವರು ಐವತ್ತು ರಾಜ್ಯಗಳಲ್ಲೂ ಕರಗಿಹೋಗಿದ್ದಾರೆ. ಪಕ್ಷದ ಅತ್ಯುತ್ತಮ ವರ್ಷ 2016. ಅಧ್ಯಕ್ಷ ಅಭ್ಯರ್ಥಿ ಗ್ಯಾರಿ ಜಾನ್ಸನ್ ಅವರಿಗೆ ಸುಮಾರು 45 ಲಕ್ಷ ಮತ ಬಿತ್ತು, ಅಂದರೆ ಶೇ 3.3. ಅವರು ಎರಡು ಅವಧಿಗೆ ರಾಜ್ಯಪಾಲರಾಗಿದ್ದ ನ್ಯೂ ಮೆಕ್ಸಿಕೊದಲ್ಲಿ ಮಾತ್ರ ಅದು ಶೇ 9 ದಾಟಿತು. (ಅಲ್ಲಿ ರಾಜ್ಯಪಾಲ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ಜನರಿಂದ ಆರಿಸಿಬಂದವನು.) 48 ರಾಜ್ಯಗಳಲ್ಲಿ ಮೊದಲು ಬಂದವನಿಗೇ ಆ ರಾಜ್ಯದ ಎಲ್ಲ ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಕೊನೆಗೆ ಆರಿಸುವ ರಾಜ್ಯದ ಪ್ರತಿನಿಧಿಗಳ ಮತಗಳು) ಹೋಗುವುದರಿಂದ ಜಾನ್ಸನ್ ಪಾಲಿಗೆ ಬಂದದ್ದು ಸೊನ್ನೆ. 1992ರಲ್ಲಿ ಪಕ್ಷೇತರ ಕೋಟ್ಯಧಿಪತಿ ರಾಸ್ ಪೆರೋ ಸುಮಾರು ಶೇ 19ರಷ್ಟು ಮತ ಪಡೆದೂ ಸೊನ್ನೆಯಲ್ಲೇ ನಿಂತಿದ್ದರು.

ತಮಾಷೆ ಏನೆಂದರೆ, ಲಿಬರ್ಟೇರಿಯನ್ನರಿಗೆ 1972ರ ಮೊದಲ ಚುನಾವಣೆಯಲ್ಲೇ ಒಂದು ಎಲೆಕ್ಟೋರಲ್ ಮತ ಸಿಕ್ಕಿತ್ತು. ಜನ ಕೊಟ್ಟದ್ದಲ್ಲ. ರಿಪಬ್ಲಿಕನ್ ನಿಕ್ಸನ್ ಪರವಾಗಿ ಮತ ಹಾಕಬೇಕಿದ್ದ ವರ್ಜೀನಿಯಾದ ಪ್ರತಿನಿಧಿ ರೋಜರ್ ಮ್ಯಾಕ್‌ಬ್ರೈಡ್ ಪಕ್ಷಕ್ಕೆ ಕೈಕೊಟ್ಟು ಇವರಿಗೆ ಹಾಕಿದರು. ಅದರಿಂದ ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿ ಟೋನಿ ನೇಥನ್ ಎಲೆಕ್ಟೋರಲ್ ಮತ ಪಡೆದ ಮೊದಲ ಮಹಿಳೆಯಾದರು. ಮುಂದಿನ ಚುನಾವಣೆಗೆ ಮ್ಯಾಕ್‌ಬ್ರೈಡ್ ಅವರನ್ನೇ ಪಕ್ಷ ಅಧ್ಯಕ್ಷ ಅಭ್ಯರ್ಥಿ ಮಾಡಿತು.

ಹಂತ 4: ಕಳೆಯುವ ಲೆಕ್ಕ ಮಾಡಿ

ಇದೇ ಮುಖ್ಯ ಹಂತ, ತಪ್ಪು ಆಗುವುದೂ ಇಲ್ಲೇ. ಮೊದಲನೆಯವನ ಮತದಿಂದ ಎರಡನೆಯವನ ಮತ ಕಳೆಯಿರಿ. ಬಂದ ಅಂತರವನ್ನು ಮೂರನೆಯವನ ಮತದ ಪಕ್ಕ ಇಡಿ. 2020ರಲ್ಲಿ ಜಾರ್ಜಿಯಾದಲ್ಲಿ ಬೈಡನ್ ಟ್ರಂಪ್ ಅವರನ್ನು ಹಿಂದೆ ಹಾಕಿದ್ದು 11,779 ಮತಗಳಿಂದ. ಲಿಬರ್ಟೇರಿಯನ್ ಅಭ್ಯರ್ಥಿ ಜೋ ಜಾರ್ಗೆನ್‌ಸೆನ್ ಅವರಿಗೆ ಅಲ್ಲಿ ಬಿದ್ದದ್ದು 62 ಸಾವಿರಕ್ಕೂ ಹೆಚ್ಚು. ಅರಿಜೋನಾ, ವಿಸ್ಕಾನ್ಸಿನ್ ರಾಜ್ಯಗಳಲ್ಲೂ ಅವರ ಮತ ಗೆಲುವಿನ ಅಂತರಕ್ಕಿಂತ ದೊಡ್ಡದು. ಇಷ್ಟು ನೋಡಿದ ಕೂಡಲೇ ‘ಲಿಬರ್ಟೇರಿಯನ್ನರು ಟ್ರಂಪ್ ಅವರನ್ನು ಸೋಲಿಸಿದರು’ ಎಂದು ತಲೆಬರಹ ಕೊಡುವವರು ಇದ್ದಾರೆ. ತಡೆಯಿರಿ. ಜಾರ್ಗೆನ್‌ಸೆನ್ ಕಣದಲ್ಲಿ ಇಲ್ಲದಿದ್ದರೆ ಆ 62 ಸಾವಿರ ಜನ ಏನು ಮಾಡುತ್ತಿದ್ದರು? ಕೆಲವರು ಟ್ರಂಪ್‌ಗೆ, ಕೆಲವರು ಬೈಡನ್‌ಗೆ ಹಾಕುತ್ತಿದ್ದರು, ಇನ್ನು ಕೆಲವರು ಮನೆಯಲ್ಲೇ ಕೂರುತ್ತಿದ್ದರು. ಕೋಷ್ಟಕ ಅದನ್ನು ಹೇಳುವುದಿಲ್ಲ. ಮತ ಒಡೆದರು ಎಂಬ ದೂರು ಸೋತವನ ಬಾಯಿಗೆ ಬಲು ಬೇಗ ಬರುವ ಮಾತು. ನಮ್ಮಲ್ಲಿಯೂ ಕೇಳಿ ಕೇಳಿ ಸಾಕಾಗಿದೆ.

ಆದರೆ ಅದೇ ದಿನ, ಅದೇ ಜಾರ್ಜಿಯಾದಲ್ಲಿ ನಡೆದ ಸೆನೆಟ್ ಚುನಾವಣೆಯಲ್ಲಿ ಊಹೆಗೆ ಅಷ್ಟು ಜಾಗವಿಲ್ಲ. ಅಲ್ಲಿ ಗೆಲ್ಲಲು ಅರ್ಧಕ್ಕಿಂತ ಹೆಚ್ಚು ಮತ ಬೇಕು, ಇಲ್ಲದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು. ಅಂಕಿಗಳು ಇವು:

ಡೇವಿಡ್ ಪರ್ಡ್ಯೂ, ರಿಪಬ್ಲಿಕನ್: 24,62,617
ಜಾನ್ ಆಸಫ್, ಡೆಮಾಕ್ರಟ್: 23,74,519
ಶೇನ್ ಹೇಜಲ್, ಲಿಬರ್ಟೇರಿಯನ್: 1,15,039

ಪರ್ಡ್ಯೂ 88 ಸಾವಿರ ಮತಗಳಿಂದ ಮುಂದಿದ್ದರೂ ಅರ್ಧದ ಗೆರೆ ಮುಟ್ಟಲು ಸುಮಾರು ಹದಿಮೂರೂವರೆ ಸಾವಿರ ಮತ ಕಡಿಮೆ ಬಿತ್ತು. ಈಗ ಮೂರನೆಯ ಸಾಲನ್ನು ಬೆರಳಿನಿಂದ ಮುಚ್ಚಿ. ಹೇಜಲ್ ಅವರಿಗೆ ಮತ ಹಾಕಿದ ಎಲ್ಲರೂ ಮನೆಯಲ್ಲೇ ಉಳಿದಿದ್ದರು ಎಂದುಕೊಳ್ಳಿ. ಪರ್ಡ್ಯೂ ಪಾಲು ಶೇ 50.9 ಆಗಿ ಅಂದೇ ಗೆಲ್ಲುತ್ತಿದ್ದರು. ಅವರೆಲ್ಲ ಬಂದು ಅರ್ಧಕ್ಕರ್ಧ ಹಂಚಿಹೋಗಿದ್ದರೂ ಗೆಲ್ಲುತ್ತಿದ್ದರು. ಪರ್ಡ್ಯೂ ಸೋಲಬೇಕಾಗಿದ್ದರೆ ಆ ಮತದಾರರಲ್ಲಿ ನೂರಕ್ಕೆ 88ಕ್ಕಿಂತ ಹೆಚ್ಚು ಜನ ಡೆಮಾಕ್ರಟ್ ಕಡೆಗೇ ಹೋಗಬೇಕಿತ್ತು. ನಾವು ಬರೆದ ಚೌಕವನ್ನು ನೋಡಿದರೆ ಅದು ನಂಬುವ ಮಾತಲ್ಲ.

ಎರಡನೇ ಸುತ್ತು 2021ರ ಜನವರಿ 5ರಂದು ನಡೆಯಿತು. ಆಸಫ್ ಸುಮಾರು 55 ಸಾವಿರ ಮತಗಳಿಂದ ಗೆದ್ದರು. ಅಂದೇ ರಾಜ್ಯದ ಇನ್ನೊಂದು ಸ್ಥಾನವೂ ಡೆಮಾಕ್ರಟರಿಗೆ ಹೋಗಿ ಸೆನೆಟ್ 50–50 ಆಯಿತು. ಸಮಬಲವಾದಾಗ ಮತ ಹಾಕುವ ಅಧಿಕಾರ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಕೈಯಲ್ಲಿತ್ತು. ಹೇಜಲ್ ಪಡೆದದ್ದು ಶೇ 2.3. ನಮ್ಮಲ್ಲಾದರೆ ಠೇವಣಿಯೂ ಉಳಿಯದ ಮತ. ಎರಡು ವರ್ಷ ಕಳೆದು 2022ರಲ್ಲಿ ಅದೇ ರಾಜ್ಯದಲ್ಲಿ ಚೇಸ್ ಆಲಿವರ್ ಎಂಬ ಇನ್ನೊಬ್ಬ ಲಿಬರ್ಟೇರಿಯನ್ ಶೇ 2ರಷ್ಟು ಮತದಿಂದ ಮತ್ತೊಂದು ಸೆನೆಟ್ ಸ್ಪರ್ಧೆಯನ್ನು ಎರಡನೇ ಸುತ್ತಿಗೆ ಎಳೆದರು.

ಹಂತ 5: ದೊಡ್ಡ ಪಕ್ಷಗಳ ಒಳಗೆ ಹುಡುಕಿ

ಕೋಷ್ಟಕ ತೋರಿಸದ ಜಾಗ ಇದು. ಟೆಕ್ಸಾಸಿನ ರಾನ್ ಪಾಲ್ ಅವರನ್ನೇ ತೆಗೆದುಕೊಳ್ಳಿ. 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಸಿಕ್ಕದ್ದು ಸುಮಾರು 4.3 ಲಕ್ಷ ಮತ. 2012ರಲ್ಲಿ ಅದೇ ಮನುಷ್ಯ, ಅದೇ ಮಾತುಗಳನ್ನೇ ಹೇಳುತ್ತಾ ರಿಪಬ್ಲಿಕನ್ ಪ್ರೈಮರಿಗೆ ಇಳಿದರೆ ಸುಮಾರು 20 ಲಕ್ಷ. ಪ್ರೈಮರಿ ಎಂದರೆ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ಬದಲು ಮತದಾರರೇ ತೀರ್ಮಾನಿಸುವ ಒಳಚುನಾವಣೆ. ದೆಹಲಿಗೆ ಸೂಟ್‌ಕೇಸ್ ಹಿಡಿದು ಓಡಬೇಕಾಗಿಲ್ಲ ಎಂಬುದರಿಂದಲೇ ಹೊರಗಿನ ವಿಚಾರಗಳು ಆ ಬಾಗಿಲಿನಿಂದ ಒಳಗೆ ನುಗ್ಗುತ್ತವೆ. ಅವರ ಮಗ ರ್‍ಯಾಂಡ್ ಪಾಲ್ ಕೆಂಟಕಿಯ ರಿಪಬ್ಲಿಕನ್ ಸೆನೆಟರ್. ಡ್ರೋನ್ ಬಳಸಿ ಅಮೆರಿಕದ ಪ್ರಜೆಯನ್ನೇ ಕೊಲ್ಲುವ ಅಧಿಕಾರ ಅಧ್ಯಕ್ಷರಿಗೆ ಇದೆಯೇ ಎಂದು ಕೇಳುತ್ತಾ 2013ರ ಮಾರ್ಚ್‌ನಲ್ಲಿ ಸುಮಾರು 13 ಗಂಟೆ ಸದನದಲ್ಲಿ ನಿಂತೇ ಮಾತಾಡಿದರು. ಲಿಬರ್ಟೇರಿಯನ್ ಪಕ್ಷದ ಮೊದಲ ಸಂಸದ ಎನಿಸಿಕೊಂಡ ಜಸ್ಟಿನ್ ಅಮಾಶ್ ಕೂಡ ಗೆದ್ದುಬಂದದ್ದು ರಿಪಬ್ಲಿಕನ್ ಆಗಿ. ಲಿಬರ್ಟೇರಿಯನ್ ಪಕ್ಷ ಸೇರಿದ್ದು 2020ರಲ್ಲಿ. ಮರುವರ್ಷದ ಜನವರಿಗೆ ಅವಧಿ ಮುಗಿಯಿತು.

ನ್ಯೂ ಹ್ಯಾಂಪ್‌ಶೈರ್ ಕಥೆ ಇನ್ನೂ ಸ್ವಾರಸ್ಯದ್ದು. ಎಲ್ಲೆಡೆ ಕರಗಿಹೋಗಿರುವ ನಾವು ಒಂದು ಸಣ್ಣ ರಾಜ್ಯದಲ್ಲಿ ಬಂದು ಗುಡ್ಡೆ ಬೀಳೋಣ ಎಂದು 2001ರಲ್ಲಿ ಜೇಸನ್ ಸೋರೆನ್ಸ್ ಎಂಬ ಸಂಶೋಧನಾ ವಿದ್ಯಾರ್ಥಿ ಸಲಹೆ ಕೊಟ್ಟರು. 20 ಸಾವಿರ ಜನ ವಲಸೆ ಬರುವ ಮಾತು ಕೊಡಬೇಕೆಂದು ಗುರಿ ಇಟ್ಟುಕೊಂಡರು; 2016ರಲ್ಲಿ ಆ ಲೆಕ್ಕ ತುಂಬಿತು. ಆ ರಾಜ್ಯವನ್ನು ಆರಿಸಿದ್ದು ಸುಮ್ಮನೆ ಅಲ್ಲ. ಅಲ್ಲಿನ ಕೆಳಮನೆಗೆ 400 ಸದಸ್ಯರು, ಒಬ್ಬ ಶಾಸಕನ ಪಾಲಿಗೆ ಬರುವುದು ಸುಮಾರು ಮೂರೂವರೆ ಸಾವಿರ ಜನ, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. ಸಂಬಳ ವರ್ಷಕ್ಕೆ 100 ಡಾಲರ್. ಹೀಗೆ ಬಂದು ನೆಲೆಸಿದವರು ಶಾಸನಸಭೆಗೆ ಗೆದ್ದದ್ದು ಹೆಚ್ಚಾಗಿ ರಿಪಬ್ಲಿಕನ್ ಟಿಕೆಟ್ ಮೇಲೆ, ಕೆಲವರು ಡೆಮಾಕ್ರಟ್ ಟಿಕೆಟ್ ಮೇಲೆ. ಹಳೇ ಮೈಸೂರು ಇಲ್ಲದವರು ಒಂದನ್ನು ಕಟ್ಟಿಕೊಂಡರು. ಬಾಗಿಲಿನ ಮೇಲೆ ಮಾತ್ರ ಬೇರೆಯವರ ಹೆಸರು.

ಹಂತ 6: ಬಾಗಿಲಿನ ಅಗಳಿಗಳನ್ನು ಎಣಿಸಿ

ಇದನ್ನು ಬೇಗ ಮುಗಿಸೋಣ. ಮತಪತ್ರದಲ್ಲಿ ಹೆಸರು ಬರಬೇಕಾದರೆ ರಾಜ್ಯಕ್ಕೊಂದು ನಿಯಮ, ಸಾವಿರಾರು ಸಹಿಗಳ ಸಂಗ್ರಹ. ಹಲವು ಚುನಾವಣೆಗಳಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗಳ ಟಿವಿ ಚರ್ಚೆ ನಡೆಸಿದ ಆಯೋಗವನ್ನು 1987ರಲ್ಲಿ ಕಟ್ಟಿದ್ದು ಎರಡು ದೊಡ್ಡ ಪಕ್ಷಗಳೇ. ಸಮೀಕ್ಷೆಗಳಲ್ಲಿ ಶೇ 15 ಬಾರದವರಿಗೆ ಅಲ್ಲಿ ಕುರ್ಚಿ ಇರಲಿಲ್ಲ. ಚುನಾವಣೆಯಲ್ಲಿ ಶೇ 5 ದಾಟಿದರೆ ಸರ್ಕಾರದಿಂದ ಪ್ರಚಾರದ ಹಣ ಬರುತ್ತದೆ. ಸರ್ಕಾರದ ಹಣವೇ ಬೇಡ ಎನ್ನುವ ಪಕ್ಷ ಆ ಶೇ 5ಕ್ಕಾಗಿ ಬೆವರು ಸುರಿಸುವುದು ನೋಡಲು ಮಜವಾಗಿರುತ್ತದೆ.

ಹಂತ 7: ಮತ ಬಿಟ್ಟು ಆದೇಶಗಳನ್ನು ಓದಿ

1971ರ ಆಗಸ್ಟ್ 15ರಂದು ಅಧ್ಯಕ್ಷ ನಿಕ್ಸನ್ ವೇತನ ಮತ್ತು ಬೆಲೆಗಳನ್ನು 90 ದಿನ ಏರದಂತೆ ತಡೆಹಿಡಿದರು, ಡಾಲರಿಗೂ ಚಿನ್ನಕ್ಕೂ ಇದ್ದ ಕೊಂಡಿ ಕಳಚಿದರು. ರಿಪಬ್ಲಿಕನ್ ಅಧ್ಯಕ್ಷನೇ ಹೀಗೆ ಮಾಡಿದರೆ ಹೋಗುವುದೆಲ್ಲಿಗೆ ಎಂದು ಸಿಟ್ಟಾದವರು ಅದೇ ಡಿಸೆಂಬರ್‌ನಲ್ಲಿ ಕೊಲರಾಡೊದಲ್ಲಿ ಲಿಬರ್ಟೇರಿಯನ್ ಪಕ್ಷ ಕಟ್ಟಿದರು. ಸಣ್ಣಕ್ಷರದ ಫ್ರೀಡ್‌ಮನ್ ಹೊರಗೆ ಹೋಗಲಿಲ್ಲ. ಕಡ್ಡಾಯ ಸೇನಾ ಭರ್ತಿ ಬೇಕೇ ಎಂದು ನೋಡಲು ಅದೇ ನಿಕ್ಸನ್ ನೇಮಿಸಿದ್ದ ಸಮಿತಿಯಲ್ಲಿ ಅವರೂ ಇದ್ದರು. ಬೇಡ ಎಂದು 1970ರಲ್ಲಿ ಸಮಿತಿ ಒಮ್ಮತದಿಂದ ಹೇಳಿತ್ತು, 1973ರಲ್ಲಿ ಭರ್ತಿ ನಿಂತಿತು.

2024ರ ಮೇ ತಿಂಗಳಲ್ಲಿ ಲಿಬರ್ಟೇರಿಯನ್ನರ ಸಮಾವೇಶಕ್ಕೆ ಡೊನಾಲ್ಡ್ ಟ್ರಂಪ್ ತಾವೇ ಬಂದು ಮತ ಕೇಳಿದರು. ಸಭೆ ಕೂಗಾಡಿ ಅಣಕಿಸಿತು. ಗೆಲ್ಲುವುದು ಬೇಡವಾದರೆ ನಾಲ್ಕು ವರ್ಷಕ್ಕೊಮ್ಮೆ ನಿಮ್ಮ ಶೇ 3 ಪಡೆಯುತ್ತಾ ಕೂರಿ ಎಂದು ಅವರೂ ಚುಚ್ಚಿದರು. ಜೊತೆಗೆ, ಸಿಲ್ಕ್ ರೋಡ್ ಎಂಬ ಅಂತರ್ಜಾಲದ ಕಳ್ಳಸಂತೆ ನಡೆಸಿ ಜೀವಾವಧಿ ಶಿಕ್ಷೆಗೆ ಒಳಗಾಗಿದ್ದ ರಾಸ್ ಉಲ್ಬ್ರಿಕ್ಟ್ ಅವರನ್ನು ಬಿಡಿಸುವ ಮಾತು ಕೊಟ್ಟರು. ಲಿಬರ್ಟೇರಿಯನ್ನರ ಬಹುಕಾಲದ ಬೇಡಿಕೆ ಅದು. ಪಕ್ಷ ತನ್ನದೇ ಅಭ್ಯರ್ಥಿಯಾಗಿ ಜಾರ್ಜಿಯಾದ ಅದೇ ಚೇಸ್ ಆಲಿವರ್ ಅವರನ್ನು ನಿಲ್ಲಿಸಿತು. ನವೆಂಬರ್‌ನಲ್ಲಿ ಅವರಿಗೆ ಬಂದದ್ದು ಶೇ 0.4. ಗೆದ್ದ ಟ್ರಂಪ್, ಅಧಿಕಾರ ಹಿಡಿದ ಮರುದಿನ, 2025ರ ಜನವರಿ 21ರಂದು, ಉಲ್ಬ್ರಿಕ್ಟ್ ಕ್ಷಮಾದಾನಕ್ಕೆ ಸಹಿ ಹಾಕಿದರು.